ತುಂಬುತೋಳಿನ ಹುಡುಗಿ

"ಕೈ ಅಲ್ಲಾಡಿಸ್ಬೇಡಿ. ಹಾಗೇ ಇರಿ..."

ಕುರ್ಚಿಯ ಆಚೆ ಬದಿಯಿಂದ ಬಂದ ಗಂಡಸಿನ ದನಿ ಕೇಳಿ ಅವಳ ಎದೆ ಧಸಕ್ಕೆಂದಿತು.

ಬ್ಯೂಟಿ ಪಾರ್ಲರ್ ಆಗಷ್ಟೇ ಬಾಗಿಲು ತೆರೆದಿತ್ತು. ಕನ್ನಡಿಗಳ ಮೇಲಿನ ದೀಪಗಳೆಲ್ಲ ಉರಿಯುತ್ತಿದ್ದವು. ಸೋಫಾದಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಮೂಲೆಯ ಕುರ್ಚಿಗೆ ಕೂತವರ ಸಮೇತ ತಾನಾಗಿ ಕೆಳಗಿಳಿಯುವ ಕಾಯಿಲೆ ಹತ್ತಿತ್ತು. ಅದನ್ನು ರಿಪೇರಿ ಮಾಡಲು ಬಂದ ಮೆಕ್ಯಾನಿಕ್ ಅದರ ಹಿಂದೆ ನೆಲದ ಮೇಲೆ ಮಲಗಿ ಕೆಲಸ ಮಾಡುತ್ತಿದ್ದ.

ಅವಳು ಅಲ್ಲಿ ಕೂದಲು ಕತ್ತರಿಸುವವಳು. ಕೈಜಾರಿದ ಕ್ಲಿಪ್ಪೊಂದು ಕುರ್ಚಿಯಡಿಗೆ ಉರುಳಿತೆಂದು ಬಗ್ಗಿ ಕೈ ಹಾಕಿದ್ದೇ ತಡ, ಇವಳು ಅಲ್ಲಿರುವುದು ಗೊತ್ತಿಲ್ಲದೆ ಅವನು ಸೀಟನ್ನು ಎತ್ತಿ ಹಿಡಿಯುವ ಪಂಪಿನ ಎಣ್ಣೆ ಹೊರಬಿಟ್ಟ. ಸೀಟು ಸರ್ರನೆ ಇಳಿದು, ಅವಳ ಅಂಗಿಯ ತೋಳನ್ನು ಕಬ್ಬಿಣದ ಪಟ್ಟಿಗಳ ನಡುವೆ ಕಚ್ಚಿ ಹಿಡಿಯಿತು.

ಕೈಗೇನೂ ಆಗಿರಲಿಲ್ಲ. ಆದರೆ ಏಳುವ ಹಾಗಿಲ್ಲ, ಜಗ್ಗುವ ಹಾಗಿಲ್ಲ. ಎಣ್ಣೆ ಖಾಲಿಯಾದ ಸೀಟನ್ನು ಈಗಲೇ ಮೇಲೆತ್ತಲು ಬರುವುದಿಲ್ಲ, ಬಟ್ಟೆಯನ್ನೇ ಕತ್ತರಿಸಬೇಕು ಎಂದ ಅವನು.

"ಬೇಡ," ಎಂದಳು ಅವಳು. "ಏನಾದ್ರೂ ಮಾಡಿ. ಬಟ್ಟೆ ಮಾತ್ರ ಕತ್ತರಿಸ್ಬೇಡಿ."

"ಸೀಟು ಇನ್ನೊಂದಿಷ್ಟು ಇಳಿದ್ರೆ ಕೈಯೇ ಸಿಕ್ಕಿಹಾಕ್ಕೊಳ್ಳತ್ತೆ. ಅಂಗಿ ಬೇರೆ ತಗೋಬಹುದು."

ಅವಳು ಕಣ್ಣು ಮುಚ್ಚಿಕೊಂಡಳು. ಭುಜದ ಹೊಲಿಗೆಯಗುಂಟ ಕತ್ತರಿ ಹಾದುಹೋದ ಸದ್ದು ಕೇಳಿಸಿತು.

ಕಣ್ಣು ಬಿಟ್ಟಾಗ ಅವಳ ಬರಿದಾದ ತೋಳು ಪಾರ್ಲರಿನ ಎಲ್ಲ ಕನ್ನಡಿಗಳಲ್ಲೂ ಇತ್ತು. ಕಂಕುಳಿನಿಂದ ಮೊಣಕೈವರೆಗೆ ಜೋತುಬಿದ್ದ ಚರ್ಮ... ಸಾಮಾನು ತೆಗೆದ ಮೇಲೆ ಉಳಿದ ಬಟ್ಟೆಚೀಲದ ಹಾಗೆ. ಸೋಫಾದಲ್ಲಿದ್ದ ಇಬ್ಬರ ಮಾತು ನಿಂತೇ ಹೋಯಿತು.

ಅವನೂ ನೋಡಿದ. ಒಂದೇ ಕ್ಷಣ. ಆಮೇಲೆ ಮೊಳೆಗೆ ನೇತುಹಾಕಿದ್ದ ಟವೆಲ್ ತಂದು ಅವಳ ಭುಜದ ಮೇಲೆ ಹೊದಿಸಿ, ತಪ್ಪು ನನ್ನದು, ಯಾರಿದ್ದಾರೆ ಅಂತ ನೋಡಬೇಕಿತ್ತು ಎಂದು ಮೆಲ್ಲಗೆ ಹೇಳಿ, ಮತ್ತೆ ಕುರ್ಚಿಯ ಹಿಂದೆ ಹೋಗಿ ಮಲಗಿದ.

ಅವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. 'ಭೂಮಿ ಬಾಯಿ ಬಿಡಬಾರದಾ...'

ಚಿಕ್ಕಂದಿನಿಂದ ಅವಳು ದಪ್ಪ. ಮನೆಯಲ್ಲಿ ಹೆಸರು ಹಿಡಿದು ಕರೆದವರೇ ಇಲ್ಲ, ಎಲ್ಲರಿಗೂ 'ಗುಂಡು'. ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ಹೇಳಿದ ದಿನ ಹೆದರಿ ನಡೆಯಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಊಟ ಬದಲಾಯಿತು, ನಿದ್ದೆ ಬದಲಾಯಿತು, ವರ್ಷಗಳು ಕಳೆದು ಮೈ ಅರ್ಧಕ್ಕರ್ಧ ಇಳಿಯಿತು. ಸಕ್ಕರೆಯೂ ಹತೋಟಿಗೆ ಬಂತು. ಅಮ್ಮ ಹೆಮ್ಮೆಯಿಂದ ಬೀದಿಗೆಲ್ಲ ಹೇಳಿಕೊಂಡು ಬಂದಳು. ಕರೆಯುವುದು ಮಾತ್ರ ಈಗಲೂ ಗುಂಡು ಎಂದೇ.

ಕೊಬ್ಬು ಹೋಯಿತು, ಚರ್ಮ ಉಳಿಯಿತು. ಹೊಟ್ಟೆಯದನ್ನು ಬಟ್ಟೆಯಲ್ಲಿ ಅಡಗಿಸಬಹುದು. ಆದರೆ ಅವಳ ಕೆಲಸವೆಲ್ಲ ಕೈ ಎತ್ತಿಯೇ. ಡ್ರೈಯರ್ ಹಿಡಿದರೆ ತೋಳು ತೂಗುತ್ತಿತ್ತು, ಬಾಚಣಿಗೆ ಎಳೆದರೆ ತೂಗುತ್ತಿತ್ತು. ಎದುರಿಗೆ ಸದಾ ಕನ್ನಡಿ. ಅದಕ್ಕೇ ಎಂಥ ಸೆಕೆಯಲ್ಲೂ ಮಣಿಕಟ್ಟು ಮುಚ್ಚುವ ತುಂಬುತೋಳಿನ ಅಂಗಿ. ಬೆವರಿಗೆ ಚರ್ಮದ ಮಡಿಕೆಯಲ್ಲಿ ತುರಿಕೆ, ತಿಕ್ಕಾಟಕ್ಕೆ ಹುಣ್ಣು. ಒಳಕೋಣೆಗೆ ಹೋಗಿ ಪೌಡರ್ ಹಾಕಿಕೊಂಡು, ಏನೂ ಆಗದವಳಂತೆ ನಗುತ್ತ ಹೊರಬರುವುದು ಅವಳಿಗೆ ರೂಢಿಯಾಗಿತ್ತು.

ಕುರ್ಚಿ ಸರಿಹೋಯಿತು. ಆದರೆ ಮೆಕ್ಯಾನಿಕ್ ಬರುವುದು ನಿಲ್ಲಲಿಲ್ಲ.

ಕೂದಲು ತೊಳೆಯುವ ಬೇಸಿನ್ ಸೋರುತ್ತಿದೆಯೇ ನೋಡಲು ಬಂದ. ಇನ್ನೊಂದು ಕುರ್ಚಿಯ ಚಕ್ರಕ್ಕೆ ಎಣ್ಣೆ ಬಿಡಲು ಬಂದ. ಪಾರ್ಲರಿನ ಮಾಲಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆ ಅಕ್ಕ ಒಂದು ದಿನ ಅವನೆದುರೇ, ನನ್ನ ಸಾಮಾನುಗಳಿಗೆ ಇಷ್ಟೊಂದು ಆರೈಕೆ ಯಾವತ್ತೂ ಸಿಕ್ಕಿರಲಿಲ್ಲಪ್ಪ ಎಂದು ಮುಸಿಮುಸಿ ನಕ್ಕಳು. ಅವನ ಕಿವಿ ಕೆಂಪಾಯಿತು.

ಮಾತು ಕಡಿಮೆಯ ಮನುಷ್ಯ. ಹಲ್ಲಿನ ಡಾಕ್ಟರ ಕುರ್ಚಿ, ಆಸ್ಪತ್ರೆಯ ಮಂಚ, ಮೇಲೆ ಕೆಳಗೆ ಆಗುವುದೆಲ್ಲ ಅವನ ಕೈಕೆಲಸ. ಅವಳು ಬಿಡುವಾದಾಗ ಇಬ್ಬರೂ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವುದು ಶುರುವಾಯಿತು. ತೋಳಿನ ಮಾತನ್ನು ಅವನು ಎತ್ತಲೇ ಇಲ್ಲ. ಅದಕ್ಕೇ ಅವನ ಪಕ್ಕದಲ್ಲಿ ಅವಳಿಗೆ ಉಸಿರು ಸರಾಗವಾಗಿ ಆಡುತ್ತಿತ್ತು. ಮನೆಗೆ ಹೋಗುವಾಗ ಕಾರಣವಿಲ್ಲದೆ ನಗು ಬರುತ್ತಿತ್ತು. 'ಇದೇನಾಗ್ತಿದೆ ನನಗೆ...'

ಆ ಧೈರ್ಯದಲ್ಲೇ ಅವಳು ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮನನ್ನು ಕಾಣಲು ಹೋದದ್ದು. ಡಾಕ್ಟರಮ್ಮ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಎಳೆದು ನೋಡಿ, ಒಂದೊಂದಾಗಿ ಬಿಡಿಸಿ ಹೇಳಿದರು. ಬರೀ ಕೊಬ್ಬು ಹೀರಿ ತೆಗೆಯುವುದುಂಟು, ಆದರೆ ನಿಮಗದು ಪ್ರಯೋಜನವಿಲ್ಲ, ಚರ್ಮ ಇನ್ನೂ ಜೋಲುತ್ತದೆ. ಕಂಕುಳಿನೊಳಗೆ ಅಡಗುವ ಸಣ್ಣ ಗಾಯದ ವಿಧಾನ ಸ್ವಲ್ಪ ಮಾತ್ರ ಸಡಿಲವಾದವರಿಗೆ. ನಿಮ್ಮಷ್ಟು ಇಳಿದವರಿಗೆ ಕಂಕುಳಿನಿಂದ ಮೊಣಕೈವರೆಗೆ ತೋಳಿನ ಒಳಬದಿಯಲ್ಲಿ ಕೊಯ್ದು, ಹೆಚ್ಚಿನ ಚರ್ಮ ತೆಗೆದು ಹೊಲಿಯಬೇಕು. ಉದ್ದ ಗೆರೆ ಉಳಿಯುತ್ತದೆ. ಮೊದಲು ಕೆಂಪಗೆ, ಆಮೇಲೆ ಮಾಸುತ್ತದೆ, ಅಳಿಸಿಯಂತೂ ಹೋಗುವುದಿಲ್ಲ. ಕೆಲವರಿಗೆ ಅಲ್ಲಲ್ಲಿ ಜೋಮು ಹಿಡಿದಂತೆಯೂ ಆಗುತ್ತದೆ. ಕೆಲವು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ. ತೂಕ ಸ್ಥಿರವಾಗಿದೆ, ಸಕ್ಕರೆ ಹತೋಟಿಯಲ್ಲಿದೆ, ಹಾಗಾಗಿ ಮಾಡಬಹುದು. ಮಾಡಿಸಲೇಬೇಕೆಂದೇನೂ ಇಲ್ಲ, ಯೋಚನೆ ಮಾಡಿ ಹೇಳಿ.

ಅವಳು ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಂಡೇ ಬಂದಳು. ಮನಸ್ಸು ಮಾತ್ರ ಡೋಲಾಯಮಾನ. ಅಮ್ಮನಿಗೆ ಗೆರೆಯದೇ ಚಿಂತೆ. ಪಾರ್ಲರಿನ ಅಕ್ಕ ಮಾತ್ರ ನೀನು ಹೀಗೇ ಚೆನ್ನಾಗಿದ್ದೀಯ ಎಂದಳು. ಆ ಮಾತನ್ನು ಅವಳು ಇನ್ನೊಬ್ಬನ ಬಾಯಿಂದ ಕೇಳಬೇಕಿತ್ತು...

ಟೀ ಅಂಗಡಿಯ ಬೆಂಚಿನ ಮೇಲೆ, ಲೋಟದ ಕಡೆಯೇ ನೋಡುತ್ತ ಅವಳು ಎಲ್ಲವನ್ನೂ ಹೇಳಿದಳು. ಕೊನೆಗೆ ಕೇಳಿದಳು, "ನಿಮಗೇನನ್ನಿಸುತ್ತೆ?"

ಅವನು ಒಂದಿಷ್ಟೂ ತಡವರಿಸಲಿಲ್ಲ. "ಮಾಡಿಸ್ಕೊಳ್ಳಿ. ಮುಂದಕ್ಕೆ ಹಾಕ್ಬೇಡಿ."

ಅವಳು ಲೋಟವನ್ನು ಬೆಂಚಿನ ಮೇಲಿಟ್ಟಳು.

'ಅಂದರೆ... ಆ ದಿನ ನೋಡಿದ್ದು ಮನಸ್ಸಿನಲ್ಲೇ ಇದೆ. ಟವೆಲ್ ಹೊದಿಸಿದ್ದು ನನ್ನ ಮರ್ಯಾದೆಗಲ್ಲ, ಅವನ ಕಣ್ಣಿಗೆ ಬೀಳದಿರಲಿ ಅಂತ!'

ಟೀ ಅರ್ಧಕ್ಕೇ ಬಿಟ್ಟು ಎದ್ದಳು. ಮಾರನೆಯ ದಿನ ಆಸ್ಪತ್ರೆಗೆ ಫೋನ್ ಮಾಡಿ, ಗೊತ್ತು ಮಾಡಿದ್ದ ದಿನ ಬೇಡವೆಂದಳು. ಅವನಿಗೋಸ್ಕರ ನಾನ್ಯಾಕೆ ಚರ್ಮ ಕೊಯ್ಸಿಕೊಳ್ಳಬೇಕು ಎಂಬ ಹಟ. ಅವನು ಪಾರ್ಲರಿಗೆ ಬಂದರೆ ಒಳಕೋಣೆ ಸೇರುತ್ತಿದ್ದಳು. ಅವನ ಮೆಸೇಜಿಗೆಲ್ಲ 'ಸರಿ' ಎಂಬ ಒಂದೇ ಉತ್ತರ. ಏನು ತಪ್ಪಾಯಿತೆಂದು ತಿಳಿಯದೆ ಅವನು ಅಕ್ಕನ ಮುಖ ನೋಡುತ್ತಿದ್ದ, ಅಕ್ಕ ಛಾವಣಿ ನೋಡುತ್ತಿದ್ದಳು.

ಬಿಸಿಲು ಏರಿತು. ಪಾರ್ಲರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿಗಳು. ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಕನ್ನಡಿಯಲ್ಲಿ ಅವಳನ್ನೇ ನೋಡಿ, ನಿಮ್ಮ ತೋಳಿಗೆ ಏನೋ ಆಗಿದೆಯಲ್ಲ ಎಂದರು. ತಿಳಿ ಬಣ್ಣದ ಅಂಗಿಯ ಮೇಲೆ ಕಂಕುಳಿನ ಹತ್ತಿರ ರಕ್ತದ ಕಲೆ ಹರಡಿಕೊಂಡಿತ್ತು. ಹುಣ್ಣು ಒಡೆದಿತ್ತು.

ಅಕ್ಕ ಅವಳ ಕೈಯಿಂದ ಕತ್ತರಿ ಕಸಿದುಕೊಂಡು, ಮನೆಗೆ ಹೋಗು ಎಂದು ಹಿಂಬಾಗಿಲು ತೋರಿಸಿದಳು.

ಹಿಂಬಾಗಿಲಿನ ಮೆಟ್ಟಿಲ ಮೇಲೆ ಅವನು ಬೇಸಿನ್ನಿನ ಪೈಪು ಹರಡಿಕೊಂಡು ಕೂತಿದ್ದ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅವನ ಕಣ್ಣು ಕಲೆಯ ಮೇಲೆ ಬಿದ್ದದ್ದೇ ಅವಳು ಸಿಡಿದಳು.

"ನೋಡಿ, ಚೆನ್ನಾಗಿ ನೋಡಿ. ನಿಮಗೆ ನೋಡೋಕೆ ಆಗ್ದೇ ಇರೋ ತೋಳು ಇದೇ ತಾನೆ?"

ಅವನು ಕಕ್ಕಾಬಿಕ್ಕಿಯಾದ. "ನನಗೆ ನೋಡೋಕೆ ಆಗಲ್ಲ ಅಂತ ಯಾರಂದ್ರು?"

"ನೀವೇ. ಕೇಳಿದ್ದೇ ತಡ ಮಾಡಿಸ್ಕೊಳ್ಳಿ ಅಂದ್ರಲ್ಲ. ಹೀಗೇ ಚೆನ್ನಾಗಿದ್ದೀರಿ ಅನ್ನೋಕೆ ಬಾಯಿ ಬರಲಿಲ್ಲ."

ಅವನು ಕೈಯ ಪೈಪನ್ನು ಕೆಳಗಿಟ್ಟ. ನಿಧಾನವಾಗಿ ಹೇಳಿದ.

"ಆವತ್ತು ಬಟ್ಟೆ ಕತ್ತರಿಸಿದಾಗ ನನಗೆ ಕಂಡಿದ್ದು ಮಡಿಕೆ ಒಳಗಿನ ಹುಣ್ಣು. ಕೆಂಪಗೆ, ಹಸಿಯಾಗಿತ್ತು. ಆಮೇಲೂ ನೋಡ್ತಾನೇ ಇದ್ದೆ... ಎಡಗೈ ಎತ್ತಿದಾಗೆಲ್ಲ ನೀವು ಹಲ್ಲು ಕಚ್ತೀರಿ. ಒಳಗೆ ಹೋಗಿ ಬರ್ತೀರಿ. ಆಮೇಲೆ ನಗ್ತೀರಿ. ದಿನಾ ನೋಯೋದನ್ನ ಚೆನ್ನಾಗಿದೆ ಅಂತ ನಾನು ಹೇಗೆ ಹೇಳ್ಲಿ?"

ಅವಳು ಅಂಗಿಯ ಕಲೆಯ ಮೇಲೆ ಅಂಗೈ ಇಟ್ಟುಕೊಂಡಳು.

"ನೀವು ಮಾಡಿಸ್ಕೊಂಡ್ರೂ ನಾನು ಬರ್ತೀನಿ, ಮಾಡಿಸ್ಕೊಳ್ದೇ ಇದ್ರೂ ಬರ್ತೀನಿ. ಈ ಪಾರ್ಲರಿನಲ್ಲಿ ಕೆಟ್ಟಿರೋ ಸಾಮಾನೇ ಇಲ್ಲ, ಗೊತ್ತಾ? ಈ ಪೈಪೂ ಚೆನ್ನಾಗೇ ಇದೆ."

ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಅವನು ಏನು ಮಾಡಬೇಕೆಂದು ತೋಚದೆ, ಚೆನ್ನಾಗೇ ಇದ್ದ ಪೈಪನ್ನು ಮತ್ತೆ ಒರೆಸತೊಡಗಿದ.

ಆ ವಾರವೆಲ್ಲ ಅವಳು ತನ್ನೊಬ್ಬಳನ್ನೇ ಕೇಳಿಕೊಂಡಳು. ಅವನಿಗಾಗಿ ಅಲ್ಲ, ಅಮ್ಮನಿಗಾಗಿ ಅಲ್ಲ, ಸೋಫಾದಲ್ಲಿ ಕೂತವರಿಗಾಗಿಯೂ ಅಲ್ಲ... ನನಗೇನು ಬೇಕು? ಉತ್ತರ ಬಹಳ ಸಣ್ಣದಾಗಿತ್ತು. ಕೈ ಎತ್ತಿದರೆ ನೋಯಬಾರದು, ಅಷ್ಟೇ.

ಗೆರೆ ಉಳಿಯತ್ತಲ್ಲೇ ಎಂದು ಅಮ್ಮ ಮತ್ತೆ ರಾಗ ತೆಗೆದಾಗ ಅವಳು, "ಉಳೀಲಿ ಬಿಡಮ್ಮ. ನಾನು ಇಳಿಸಿದ ಮೈ, ನನ್ನ ಗೆರೆ," ಎಂದಳು. ಅಮ್ಮ ಮಗಳ ಮುಖವನ್ನೇ ನೋಡಿ, ಆಸ್ಪತ್ರೆಗೆ ಬೇಕಾದ ಬಟ್ಟೆಗಳನ್ನು ಮಡಿಚಲು ಕೂತಳು.

ಹುಣ್ಣು ಒಣಗಿದ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಎಚ್ಚರವಾದಾಗ ಎರಡೂ ತೋಳಿಗೆ ಪಟ್ಟಿ, ನೀರು ಬಸಿಯಲು ಸಣ್ಣ ಕೊಳವೆ, ಬಿಗಿತ, ನೋವು. ಮಂಚದ ತಲೆಭಾಗ ಕಿರ್ ಎನ್ನುತ್ತಿದೆಯೆಂದು ಯಾರೋ ದೂರು ಕೊಟ್ಟಿದ್ದಾರೆಂದು ಹೇಳಿಕೊಂಡು ಮೆಕ್ಯಾನಿಕ್ ವಾರ್ಡಿಗೆ ಬಂದ. ದೂರು ಕೊಟ್ಟವರು ಯಾರೆಂದು ನರ್ಸಿಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಪಟ್ಟಿ ಹೋಗಿ, ಬಾವು ಇಳಿಯಲೆಂದು ತೊಡುವ ಬಿಗಿ ತೋಳುಚೀಲ ಬಂತು. ಮೊದಲ ಸಲ ಅದನ್ನು ತೆಗೆದು ತೊಳೆಯುವ ದಿನ ಅವಳು ಉಸಿರು ಹಿಡಿದು ಕನ್ನಡಿ ನೋಡಿದಳು. ಬಾತಿತ್ತು, ಗೆರೆ ಕೆಂಪಗೆ ಉದ್ದಕ್ಕಿತ್ತು. ಆದರೆ ಏನೂ ಜೋಲುತ್ತಿರಲಿಲ್ಲ. ಚರ್ಮಕ್ಕೆ ಚರ್ಮ ತಾಗುತ್ತಿರಲಿಲ್ಲ. ಅವಳು ಬಹಳ ಹೊತ್ತು ಅಲ್ಲೇ ನಿಂತಳು. ಮನಸ್ಸು ಹೂವಿನಷ್ಟು ಹಗುರಾಗಿತ್ತು.

ಕೈ ಮೇಲೆತ್ತುವ ಹಾಗಿಲ್ಲವಾದ್ದರಿಂದ ಊರಿನ ತಲೆಯೆಲ್ಲ ಬಾಚುವವಳ ತಲೆಯನ್ನು ಅಮ್ಮ ಬಾಚಬೇಕಿತ್ತು. ಒಂದು ಬೆಳಿಗ್ಗೆ ಅವನು ಹಣ್ಣು ಹಿಡಿದು ನೋಡಲು ಬಂದಾಗ ಅಮ್ಮ ಮಣಿಕಟ್ಟು ನೀವಿಕೊಳ್ಳುತ್ತ, ಯಾಕೋ ಕೈ ಹಿಡಿದುಕೊಂಡಿದೆಯಪ್ಪ, ಒಂಚೂರು ನೀನೇ ಬಾಚಿಬಿಡು ಎಂದು ಬಾಚಣಿಗೆಯನ್ನು ಅವನ ಕೈಗಿತ್ತು ಅಡುಗೆಮನೆಗೆ ಹೋದಳು. ಕೈ ಹಿಡಿದುಕೊಂಡವಳು ಒಳಗೆ ಪಾತ್ರೆ ತಿಕ್ಕುವ ಸದ್ದು ಜೋರಾಗಿಯೇ ಕೇಳಿಸಿತು.

ಅವನು ಅವಳ ಹಿಂದೆ ನಿಂತು ಕೂದಲನ್ನು ಮೂರು ಭಾಗ ಮಾಡಿದ. ಬೆರಳುಗಳು ಹೆದರುತ್ತಲೇ ಎಳೆಗಳನ್ನು ಒಂದರ ಮೇಲೊಂದು ಹಾಕಿದವು. ಅವಳಿಗೆ ಆಶ್ಚರ್ಯ. ಎಲ್ಲಿ ಕಲಿತಿರಿ ಎಂದು ಕೇಳಿದಳು. ಪಾರ್ಲರಿನಲ್ಲಿ ಹೊಸಬರು ಅಭ್ಯಾಸ ಮಾಡುವ ಗೊಂಬೆತಲೆಯ ಮೇಲೆ ಅಕ್ಕ ಕಲಿಸಿದಳಂತೆ. ಗೊಂಬೆಯ ಅರ್ಧ ಕೂದಲು ಕಿತ್ತುಬಂತಂತೆ.

"ಗೊಂಬೆ ಏನೂ ಹೇಳಲ್ಲ. ನಿಮಗೆ ನೋವಾದ್ರೆ ಹೇಳಿ."

"ಹ್ಞೂಂ."

ಜಡೆ ಅರ್ಧಕ್ಕೆ ಬಂದಿತ್ತು. ಅವನ ಕೈ ನಿಂತಿತು.

"ಮುಖ ಕಾಣ್ತಿಲ್ಲ, ಅದಕ್ಕೇ ಧೈರ್ಯ ಬಂದಿದೆ," ಎಂದ. "ಕೈ ವಾಸಿಯಾದ ಮೇಲೂ... ದಿನಾ ಬಂದು ಜಡೆ ಹಾಕ್ಲಾ?"

"ದಿನಾ ಬಂದು ಹೋಗೋದು ಯಾಕೆ? ಒಂದೇ ಮನೇಲಿದ್ರೆ ಆಯ್ತಪ್ಪ."

ಬಾಚಣಿಗೆ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ನಿಮ್ಮನ್ನ ತುಂಬಾ ಇಷ್ಟಪಡ್ತೀನಿ," ಎಂದ, ಒಂದೇ ಉಸಿರಿನಲ್ಲಿ.

"'ನಿಮ್ಮನ್ನ' ಅಂತೀರಾ ಇನ್ನೂ?"

ಅವನು ಮೊದಲ ಸಲ ಆ ಮಾತಿನ ರುಚಿ ನೋಡುವವನಂತೆ ಮೆಲ್ಲಗೆ, "ನಿನ್ನನ್ನ," ಎಂದ.

ಅವಳು ಕಣ್ಣು ಮುಚ್ಚಿ ನಕ್ಕಳು. "ನನಗೂ ನೀನಂದ್ರೆ ಇಷ್ಟ. ಒಂದು ಕಡೆ ಕೂದಲು ಬಿಟ್ಟುಹೋಗಿದೆ, ನೋಡು."

"ಎಲ್ಲಿ?"

ಕೈ ಎತ್ತಿ ತೋರಿಸುವ ಹಾಗಿರಲಿಲ್ಲ. ಅವಳು ತಲೆಯನ್ನು ಅವನ ಅಂಗೈಯೊಳಕ್ಕೆ ವಾಲಿಸಿದಳು.

"ಇಲ್ಲಿ."