ಮೊದಲು ನೀವು ಹೋಗಿ

"ಮೊದಲು ನೀವು ಹೋಗಿ."

"ಛೆ ಛೆ, ನೀವಿರುವಾಗ ನಾನು ಹೋಗೋದಾ? ನೀವೇ ಹೋಗಿ."

"ಅಯ್ಯೋ, ಎಲ್ಲಾದ್ರೂ ಉಂಟಾ! ನೀವು ನನಗಿಂತ ದೊಡ್ಡವರು."

ಪರಸ್ತೂ ಎಣಿಸುತ್ತಿದ್ದಳು. ಇದು ಏಳನೇ ಸಲ. ಅವಳ ಅಪ್ಪ ಎದೆಯ ಮೇಲೆ ಕೈಯಿಟ್ಟು ಬಗ್ಗುತ್ತಿದ್ದರು. ಎದುರಿಗಿದ್ದ ಟೋಪಿಯ ಅಜ್ಜನೂ ಬಗ್ಗುತ್ತಿದ್ದರು. ಅವರಿಬ್ಬರ ಪಕ್ಕದಲ್ಲಿ ಪಾರ್ಕಿನ ಹಾಲ್‌ನ ಬಾಗಿಲು ಪೂರ್ತಿ ತೆರೆದೇ ಇತ್ತು.

ಇರಾನಿನ ಇಸ್ಫಹಾನ್ ಊರಿನಲ್ಲಿ ಇಬ್ಬರು ಗಂಡಸರು ಒಂದೇ ಬಾಗಿಲಿಗೆ ಬಂದರೆ ಕತೆ ಇಷ್ಟೇ. ಎರಡು ಸಲವೋ ಮೂರು ಸಲವೋ "ನೀವು, ನೀವು" ಆಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಒಳಗೆ ಹೋಗುತ್ತಾರೆ. ಆದರೆ ಏಳು ಸಲ? ಮರ್ಯಾದೆಗೂ ಒಂದು ಮಿತಿ ಬೇಡವೇ!

ಇವತ್ತು ಅಪ್ಪ ಒಳಗೆ ಹೋಗಲೇಬೇಕಿತ್ತು. ಕುಡಿತ ಬಿಡಬೇಕು ಅನ್ನುವವರು ಪ್ರತಿ ಶುಕ್ರವಾರ ಬೆಳಗ್ಗೆ ಈ ಪಾರ್ಕಿನಲ್ಲಿ ಸೇರುತ್ತಾರೆ ಎಂದು ಔಷಧಿ ಅಂಗಡಿಯ ಆಂಟಿ ಅಮ್ಮನ ಕಿವಿಯಲ್ಲಿ ಹೇಳಿದ್ದರು. ಎರಡು ಶುಕ್ರವಾರ ಅಪ್ಪ ಹೊರಟರು. ಎರಡು ಸಲವೂ "ಜಾಗಾನೇ ಸಿಗಲಿಲ್ಲ" ಎಂದು ವಾಪಸ್ ಬಂದರು.

ತಿಂಗಳ ಕೊನೆಯ ಶುಕ್ರವಾರ ಮನೆಯವರೂ ಬರಬಹುದಂತೆ. ಅದಕ್ಕೇ ಈ ಸಲ ಅಮ್ಮ ಪರಸ್ತೂಳನ್ನು ಜೊತೆಗೆ ಕಳಿಸಿದ್ದರು. "ಇವತ್ತೂ ಸಿಗದಿದ್ರೆ ನಾನೂ ಪರಸ್ತೂನೂ ಯಜ್ದ್‌ಗೆ ಹೋಗ್ತೀವಿ, ಅಣ್ಣನ ಮನೆಗೆ" ಎಂದಿದ್ದರು. ಹಾಗೆ ಹೇಳುವಾಗ ಅಮ್ಮ ಕೂಗಾಡಲಿಲ್ಲ. ಪರಸ್ತೂಗೆ ಭಯವಾದದ್ದೇ ಅದಕ್ಕೆ. ಯಜ್ದ್‌ನಲ್ಲಿ ಮಾವ ಇದ್ದಾರೆ, ಅತ್ತೆ ಇದ್ದಾರೆ. ಅಪ್ಪ ಇರುವುದಿಲ್ಲ.

ಪಾರ್ಕಿಗೆ ಬಂದಮೇಲೆ ಜಾಗ ಹುಡುಕುವುದೇನೂ ಕಷ್ಟವಾಗಿರಲಿಲ್ಲ. "ಇಲ್ಲಿ ಚೆಸ್ ಆಡೋರು ಎಲ್ಲಿ ಸೇರ್ತಾರೆ?" ಎಂದು ಅಪ್ಪ ಮಾಲಿಯನ್ನು ಕೇಳಿದರು.

"ಚೆಸ್ ಅಲ್ಲ ಅಂಕಲ್, ಕುಡಿಯೋದು ಬಿಡೋರ ಮೀಟಿಂಗ್!" ಎಂದಳು ಪರಸ್ತೂ.

ಅಪ್ಪನ ಕಿವಿ ಕೆಂಪಾಯಿತು. ಮಾಲಿ ಮಾತ್ರ ನೀರಿನ ಪೈಪನ್ನೂ ಕೆಳಗಿಡದೆ, "ಅಗೋ, ಆ ಬಾಗಿಲು" ಎಂದ.

ಒಳಗೆ ಏನಿರಬಹುದು? ಡಾಕ್ಟರಾ? ಇಂಜೆಕ್ಷನ್ನಾ? ಪರಸ್ತೂ ಕತ್ತು ಚಾಚಿ ಇಣುಕಿದಳು. ಪ್ಲಾಸ್ಟಿಕ್ ಕುರ್ಚಿಗಳು, ಹಬೆಯಾಡುವ ದೊಡ್ಡ ಟೀ ಪಾತ್ರೆ. ಯಾರೋ ಜೋರಾಗಿ ನಕ್ಕರು. ಅರೆ, ಇಂಥ ಮೀಟಿಂಗಿನಲ್ಲೂ ನಗುತ್ತಾರಾ?

"ನೀವು ಹೋಗಿ" ಎಂದರು ಅಪ್ಪ, ಎಂಟನೇ ಸಲ. ಪರಸ್ತೂ ತಿರುಗಿ ನೋಡಿದಳು. ಅಜ್ಜನ ಹಣೆಯ ಮೇಲೆ ಬೆವರು. ಅಪ್ಪನ ಹಣೆಯ ಮೇಲೂ ಬೆವರು. ಬಿಸಿಲೇ ಇರಲಿಲ್ಲ!

"ಅಜ್ಜಾ, ನಿಮಗೂ ಭಯಾನಾ?"

"ಪರಸ್ತೂ! ಏನು ಮಾತು ಇದು?"

"ಬಯ್ಯಬೇಡಿ" ಎಂದರು ಅಜ್ಜ. "ಹೂಂ ಮಗಳೇ, ಭಯಾನೇ. ಕಾಲೇ ಏಳ್ತಿಲ್ಲ. ನಿಮ್ಮಪ್ಪ ಬಂದ್ರು, ಸದ್ಯ, ಇಲ್ಲೇ ನಿಲ್ಲೋಕೆ ಒಂದು ನೆಪ ಸಿಕ್ತು."

ಅಪ್ಪ ನಕ್ಕುಬಿಟ್ಟರು. "ನಂದೂ ಅದೇ ಕತೆ."

"ಹಾಗಾದ್ರೆ ನಾನೇ ಮೊದಲು" ಎಂದು ಪರಸ್ತೂ ಒಳಗೆ ನಡೆದಳು. ಹಿಂದಿನಿಂದ ಇಬ್ಬರೂ ಭುಜ ತಾಗಿಸಿಕೊಂಡು ಬಂದರು.

ಬೀದಿಯಲ್ಲಿ ಎಲ್ಲರೂ ಅಪ್ಪನನ್ನು "ಎಂಜಿನಿಯರ್ ಸಾಹೇಬ್ರೇ" ಎನ್ನುತ್ತಾರೆ. ಇಲ್ಲಿ ಯಾರೂ ಸಾಹೇಬರಲ್ಲ. ಒಬ್ಬರು ಎದ್ದು, "ನಾನು ಹೂಷಂಗ್, ಕುಡುಕ. ಬಿಟ್ಟು ನಲವತ್ತು ದಿನ" ಎಂದರು. "ಸಲಾಂ ಹೂಷಂಗ್!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಪರಸ್ತೂಗೆ ಭಾರೀ ಆಶ್ಚರ್ಯ. ಕ್ಲಾಸಿನಲ್ಲಿ ಎದ್ದು ನಿಂತು, ನನಗೆ ಗಣಿತದಲ್ಲಿ ಸೊನ್ನೆ ಎಂದರೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ?

"ಇವತ್ತು ಹೊಸಬರು ಯಾರಾದ್ರೂ ಮಾತಾಡ್ತೀರಾ?" ಎಂದು ಮುಂದೆ ಕೂತಿದ್ದವರೊಬ್ಬರು ಕೇಳಿದರು.

ಅಪ್ಪ ಅಜ್ಜನನ್ನು ನೋಡಿದರು. ಅಜ್ಜ ಅಪ್ಪನನ್ನು ನೋಡಿದರು. ಅಯ್ಯೋ ದೇವರೇ, ಮತ್ತೆ ಶುರುವಾಯಿತೇ ಎಂದುಕೊಂಡಳು ಪರಸ್ತೂ.

ಅಪ್ಪ ಎದ್ದು ನಿಂತರು.

"ನಾನು ಇರಜ್. ನಾನು... ಕುಡುಕ."

"ಸಲಾಂ ಇರಜ್!"

"ಹೋದ ಎರಡು ಶುಕ್ರವಾರವೂ ಬಂದಿದ್ದೆ. ಎದುರಿನ ಮರದ ಹಿಂದೆ ನಿಂತಿದ್ದೆ. ಮೀಟಿಂಗ್ ಮುಗಿಯೋವರೆಗೂ ನಿಂತೇ ಇದ್ದೆ. ಮನೆಗೆ ಹೋಗಿ ಜಾಗ ಸಿಗಲಿಲ್ಲ ಅಂದೆ."

ಪರಸ್ತೂಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಮಾಲಿಯನ್ನು ಕೇಳಿದ್ದೂ ನಾಟಕವೇ! ಆದರೆ ಕಿಟಕಿಯಿಂದ ಆ ಮರ ಕಾಣುತ್ತಿತ್ತು. ಒಳಗೆ ಇಷ್ಟು ಜನ ನಗುತ್ತಾ ಟೀ ಕುಡಿಯುವಾಗ ಅಪ್ಪ ಅಲ್ಲಿ ಒಬ್ಬರೇ ನಿಂತಿದ್ದರು. ಅವಳಿಗೆ ಅಳು ಬಂದಂತಾಯಿತು.

ಅಪ್ಪ ಕೂತರು. ಯಾರೋ ಟೀ ತಂದುಕೊಟ್ಟರು. ಗ್ಲಾಸು ಅಂಚಿನವರೆಗೂ ತುಂಬಿ ಸಾಸರಿಗೆ ತುಳುಕುತ್ತಿತ್ತು. ಪರಸ್ತೂ ಸಾಸರನ್ನು ಇನ್ನೊಂದು ಬದಿಯಿಂದ ಹಿಡಿದುಕೊಂಡಳು.

"ಜಾಗ ಸಿಕ್ತು ಅಂತ ಅಮ್ಮನಿಗೆ ನೀನೇ ಹೇಳ್ತೀಯಾ, ಪರಸ್ತೂ ಕಂದಾ?" ಎಂದು ಅಪ್ಪ ಪಿಸುಗುಟ್ಟಿದರು.

ಪರಸ್ತೂ ಹೂಂ ಅನ್ನಲು ಹೊರಟವಳು ಕಿಟಕಿಯಾಚೆಯ ಮರ ನೋಡಿದಳು.

"ಊಹೂಂ. ನೀವೇ ಹೇಳಿ ಬಾಬಾ. ಮರದ ವಿಷಯಾನೂ."

ಅಪ್ಪ ಟೀ ಕುಡಿದು ಖಾಲಿ ಗ್ಲಾಸನ್ನು ಸಾಸರಿನ ಮೇಲಿಟ್ಟರು.

"ಹೇಳ್ತೀನಿ" ಎಂದರು ಅಪ್ಪ.