ನಲವತ್ತೊಂದನೇ ಬಿಲ್ಲೆ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಬೆಟ್ಟದ ಬುಡದ ಪೊಲೀಸ್ ಠಾಣೆಗೆ ದೂರು ಬಂತು. ತಂದವಳು ಪೇಟೆಯ ಗಡಿಯಾರ ರಿಪೇರಿಯವನ ಹೆಂಡತಿ. ಎರಡು ರಾತ್ರಿ ನಿದ್ದೆಗೆಟ್ಟ ಮುಖ, ಕೈಯಲ್ಲಿ ಗಂಡನ ಫೋಟೊ. ಕೂತುಕೊಳ್ಳಿ ಎಂದರೂ ಕೂರಲಿಲ್ಲ, ಇನ್‌ಸ್ಪೆಕ್ಟರಳ ಮೇಜಿನ ಅಂಚು ಹಿಡಿದು ನಿಂತೇ ಮಾತಾಡಿದಳು.

“ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತೋಕೆ ಹೋದ್ರು ಮೇಡಂ. ಸಂಜೆ ಬರ್ತೀನಿ ಅಂದಿದ್ರು. ಬರಲಿಲ್ಲ.”

“ಗೇಟಿನಲ್ಲಿ ವಿಚಾರಿಸಿದ್ರಾ?”

“ಭಾನುವಾರ ರಾತ್ರಿನೇ ಫೋನ್ ಮಾಡ್ದೆ. ನಿನ್ನೆ ನಾನೇ ಹೋದೆ. ಅವರ ನಲವತ್ತೊಂದನೇ ನಂಬರಿನ ಬಿಲ್ಲೆ ವಾಪಸ್ ಬಂದಿದೆ, ಇಳಿದು ಹೋಗಿದಾರೆ ಅಂತಾರೆ. ಇಳಿದಿದ್ರೆ ಮನೆಗೆ ಬರ್ತಿರಲಿಲ್ವಾ? ಹತ್ತು ನಿಮಿಷ ತಡ ಆದ್ರೂ ಫೋನ್ ಮಾಡೋ ಮನುಷ್ಯ ಅವರು.”

“ಮನೇಲಿ ಮಾತಿಗೆ ಮಾತು ಏನಾದ್ರೂ ಬೆಳೆದಿತ್ತಾ?”

“ಅವರ ಹತ್ರ ಜಗಳ ಆಡೋಕೂ ಆಗಲ್ಲ ಮೇಡಂ. ಮಾತೇ ಆಡಲ್ಲ.”

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಠಾಣೆಯಲ್ಲಿ ಎಲ್ಲರಿಗೂ ಉದ್ದಣ್ಣ. ಇಪ್ಪತ್ತೆರಡು ವರ್ಷದಲ್ಲಿ ಮನೆ ಬಿಟ್ಟು ಹೋದ ಎಷ್ಟೋ ಗಂಡಂದಿರನ್ನು ನೋಡಿದವನು. ಅವನ ಮುಖದಲ್ಲಿ ಏನು ಬರೆದಿದೆ ಎಂದು ಇನ್‌ಸ್ಪೆಕ್ಟರ್‌ಗೆ ಗೊತ್ತಾಯಿತು. ಅವಳೂ ಹಾಗೆಯೇ ಅಂದುಕೊಳ್ಳುತ್ತಿದ್ದಳೋ ಏನೋ, ಆದರೆ ಆ ಹೆಂಗಸು ಮೇಜಿನ ಅಂಚನ್ನು ಹಿಡಿದ ಕೈ ಬಿಡುತ್ತಲೇ ಇರಲಿಲ್ಲ.

ಈ ಬಿಲ್ಲೆಯ ವಿಷಯ ಸ್ವಲ್ಪ ಹೇಳಬೇಕು. ಬೆಟ್ಟ ಸಂರಕ್ಷಿತ ಪ್ರದೇಶ, ದಿನಕ್ಕೆ ಅರವತ್ತೇ ಜನರಿಗೆ ಪ್ರವೇಶ. ಗೇಟಿನಲ್ಲಿ ಒಬ್ಬೊಬ್ಬರಿಗೂ ನಂಬರು ಹಾಕಿದ ಒಂದು ಲೋಹದ ಬಿಲ್ಲೆ ಕೊಡುತ್ತಾರೆ. ಇಳಿದು ಬಂದವರು ಅದನ್ನು ಹಲಗೆಯ ಮೇಲಿನ ಅದೇ ನಂಬರಿನ ಮೊಳೆಗೆ ತಗುಲಿಹಾಕಿ ಹೋಗಬೇಕು. ಸಂಜೆ ಐದೂವರೆಗೆ ಗುಮಾಸ್ತ ಹಲಗೆ ನೋಡುತ್ತಾನೆ. ಒಂದೇ ಒಂದು ಮೊಳೆ ಖಾಲಿ ಇದ್ದರೂ ಹುಡುಕುವ ತಂಡ, ನಾಯಿ, ಸೀಟಿ ಎಲ್ಲ ಹೊರಡುತ್ತವೆ. ಅರವತ್ತೂ ತುಂಬಿದ್ದರೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಇನ್ನು ಸೋಮವಾರ, ಮಂಗಳವಾರ ಬೆಟ್ಟಕ್ಕೆ ರಜೆ. ಪ್ರಾಣಿಪಕ್ಷಿಗಳಿಗೂ ಒಂದಿಷ್ಟು ನೆಮ್ಮದಿ ಬೇಡವೇ ಎಂದು ಆ ಎರಡು ದಿನ ಮೇಲೆ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ, ಸಿಬ್ಬಂದಿ ಮಾತ್ರ ಇರುತ್ತಾರೆ.

ಎಂಟು ಗಂಟೆಗೆ ಎಫ್‌ಐಆರ್ ದಾಖಲಾಯಿತು, ಕಾಣೆಯಾದ ಪ್ರಕರಣ. ಇನ್‌ಸ್ಪೆಕ್ಟರ್ ಹುಡುಕುವ ತಂಡದ ಮುಖ್ಯಸ್ಥನಿಗೆ ಫೋನ್ ಮಾಡಿದಳು. ಬಿಲ್ಲೆ ಹಲಗೆಯ ಮೇಲಿದೆಯಲ್ಲ, ಯಾವ ಆಧಾರದ ಮೇಲೆ ಹೊರಡಲಿ ಎಂದ ಅವನು. ಅಷ್ಟು ದೊಡ್ಡ ಬೆಟ್ಟದಲ್ಲಿ ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ. ಅದೂ ನ್ಯಾಯವೇ. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ. ಎರಡು ಗಂಟೆಯಿಂದ ಜೋರು ಮಳೆಯಂತೆ, ರಾತ್ರಿ ಮೇಲೆಲ್ಲ ಹೆಪ್ಪುಗಟ್ಟುವ ಚಳಿಯಂತೆ. ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದಳು. ಆ ಮನುಷ್ಯ ಮೇಲಿದ್ದರೆ ಎರಡು ರಾತ್ರಿ ಕಳೆದಿದ್ದಾನೆ. ಮೂರನೆಯದನ್ನು ನೆನೆದು ಕಳೆಯಲಾರ.

ಎಂಟು ಇಪ್ಪತ್ತೈದಕ್ಕೆ ಜೀಪು ಗೇಟಿಗೆ ಬಂತು. ವಾಹನ ನಿಲ್ಲಿಸುವ ಜಾಗದಲ್ಲಿ ಒಂದೇ ಒಂದು ಸ್ಕೂಟರ್. ಸೀಟಿನ ಮೇಲೆ ಒಣ ಎಲೆ, ಕನ್ನಡಿಯ ಮೇಲೆ ಹಕ್ಕಿ ಹಿಕ್ಕೆ, ಹ್ಯಾಂಡಲ್ಲಿಗೆ ಬೀಗ ಹಾಕಿದ ಹೆಲ್ಮೆಟ್ಟು.

“ಇದು ಯಾರದು?” ಎಂದು ಗುಮಾಸ್ತನನ್ನು ಕೇಳಿದಳು. ದಪ್ಪ ಕನ್ನಡಕದ, ಅಳುಕು ಸ್ವಭಾವದ ಮನುಷ್ಯ ಅವನು.

“ಗೊತ್ತಿಲ್ಲ ಮೇಡಂ. ಭಾನುವಾರದಿಂದ ಇದೆ.”

“ಇಳಿದು ಬಂದವನು ಸ್ಕೂಟರ್ ಬಿಟ್ಟು ನಡ್ಕೊಂಡು ಹೋದ್ನಾ?”

“ನಾನು ಹಲಗೆ ನೋಡ್ತೀನಿ ಮೇಡಂ, ಸ್ಕೂಟರ್ ಅಲ್ಲ.”

“ನಲವತ್ತೊಂದನ್ನ ತಗುಲಿಹಾಕಿದ್ದು ನೋಡಿದ್ರಾ?”

“ಅರವತ್ತು ಜನ ಒಟ್ಟಿಗೆ ಬಂದು ಮುಗಿಬೀಳ್ತಾರೆ. ಯಾರು ಯಾವುದು ಹಾಕಿದ್ರು ಅಂತ ನೋಡೋಕಾಗುತ್ತಾ? ನನಗೆ ಕಾಣೋದು ಖಾಲಿ ಮೊಳೆ ಮಾತ್ರ.”

ಹಲಗೆಯ ಪಕ್ಕದ ಗೋಡೆಗೆ ಯಾರೋ ಮುತ್ತಿನಂಥ ಅಕ್ಷರದಲ್ಲಿ ನಿಯಮ ಬರೆದಿದ್ದರು. ಕಾಡಿನಲ್ಲಿ ಕೂಗಬೇಡಿ. ಹೆಜ್ಜೆ ಸದ್ದು ಕೇಳಿಸಿ ಮಾತು ಕೇಳಿಸದಿದ್ದರೆ ಅದು ಕರಡಿ, ಅಲುಗಾಡದೆ ಉಸಿರು ಬಿಗಿಹಿಡಿದು ಇರಿ.

“ಇದು ನಮ್ಮ ಮಾವ ಬರೆದದ್ದು,” ಎಂದ ಗುಮಾಸ್ತ, ಸ್ವಲ್ಪ ಹೆಮ್ಮೆಯಿಂದ. “ಮೇಲಿನ ಕಾವಲುಗಾರ. ಮೂವತ್ತೊಂದು ವರ್ಷ ಆಯ್ತು, ಎಲ್ಲರಿಗೂ ಮಾವನೇ. ದಿನಾ ಬೆಳಿಗ್ಗೆ ಅರವತ್ತು ಜನರನ್ನೂ ಕೂರಿಸಿ ಇದನ್ನೇ ಪಾಠ ಮಾಡ್ತಾರೆ. ಸಂಜೆ ಕೊನೆಯಲ್ಲಿ ಇಳಿದು ಬರೋರೂ ಅವರೇ.”

ಇನ್‌ಸ್ಪೆಕ್ಟರ್ ಹಲಗೆಯ ಹತ್ತಿರ ಹೋದಳು. ನಲವತ್ತು, ನಲವತ್ತೆರಡು, ನಲವತ್ತಮೂರು ಎಲ್ಲ ಒಂದೇ ಅಚ್ಚು. ನುಣ್ಣಗಿನ ಅಲ್ಯೂಮಿನಿಯಂ, ಬೆವರು ಹಿಡಿದು ಕಪ್ಪಾದ ದಾರ. ನಡುವಿನ ನಲವತ್ತೊಂದು ತಗಡಿನದು. ಅಂಚಿಗೆ ತುಕ್ಕು, ನಂಬರನ್ನು ಕೈಯಲ್ಲಿ ಕೊರೆದಿದ್ದಾರೆ, ದಾರ ಮಾತ್ರ ಅಚ್ಚಬಿಳುಪು.

“ಇದು ಬೇರೆ ಥರ ಇದೆಯಲ್ರೀ.”

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವನ ಬಣ್ಣ ಇಳಿದುಹೋಯಿತು. “ಇದು ಹಳೇ ಬಿಲ್ಲೆ ಮೇಡಂ. ಐದು ವರ್ಷದ ಹಿಂದೆ ಹೊಸದು ಬಂದಾಗ ಹಳೇದನ್ನೆಲ್ಲ ಬಿಸಾಕಿ ಅಂತ...”

“ಯಾರ ಕೈಗೆ ಕೊಟ್ರಿ?”

“ಮಾವನ ಕೈಗೆ.”

ಎಂಟು ಐವತ್ತಕ್ಕೆ ಗುಮಾಸ್ತನೂ ವಾಹನ ಕಾಯುವವನೂ ಪಂಚರಾಗಿ, ಬಿಲ್ಲೆಯನ್ನು ಪಂಚನಾಮೆ ಮಾಡಿ ಲಕೋಟೆಗೆ ಹಾಕಿದರು. ಇನ್‌ಸ್ಪೆಕ್ಟರ್ ತಂಡದ ಮುಖ್ಯಸ್ಥನಿಗೆ ಮತ್ತೆ ಫೋನ್ ಮಾಡಿ, ಆಧಾರ ಸಿಕ್ಕಿದೆ, ಗೇಟಿಗೆ ಬನ್ನಿ ಎಂದಳು. ಎಲ್ಲಿ ಹುಡುಕಬೇಕು ಎಂಬುದು ಇನ್ನೂ ಗೊತ್ತಿರಲಿಲ್ಲ. ಉದ್ದಣ್ಣನನ್ನು ಕರೆದುಕೊಂಡು ಹತ್ತತೊಡಗಿದಳು. ದಾರಿಯುದ್ದಕ್ಕೂ ಹತ್ತು ಹೆಜ್ಜೆಗೊಮ್ಮೆ ಆಕಾಶ ನೋಡುತ್ತಿದ್ದಳು. ಪಶ್ಚಿಮದಲ್ಲಿ ಮೋಡ ಆಗಲೇ ಕಟ್ಟುತ್ತಿತ್ತು.

“ಮಾವ ಅಂಥೋರಲ್ಲ ಮೇಡಂ,” ಎಂದ ಉದ್ದಣ್ಣ ಏದುಸಿರಿನಲ್ಲಿ. “ನಮ್ಮ ಹುಡುಗಿ ಸ್ಕೂಲಿನೋರ ಜೊತೆ ಬೆಟ್ಟಕ್ಕೆ ಬಂದಾಗ ಮಿಠಾಯಿ ಕಾಗದ ಬಿಸಾಕಿದ್ದಕ್ಕೆ, ಬೈಯದೆ ತಾವೇ ಎತ್ತಿ ಜೇಬಿಗೆ ಹಾಕ್ಕೊಂಡ್ರಂತೆ. ಅವಳು ಇವತ್ತಿಗೂ ಕಾಗದ ಬಿಸಾಕಲ್ಲ, ನನಗೂ ಬಿಡಲ್ಲ.”

“ಅಂಥೋರಲ್ಲ ಅಂತ ನನಗೂ ಬರೆದುಕೊಡೋಕೆ ಆಸೆ. ಬೇಗ ಹತ್ತಿ.”

ಕಾವಲುಗಾರನ ಗುಡಿಸಲು ಸೇರಿದಾಗ ಒಂಬತ್ತು ಮುಕ್ಕಾಲು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹಿಂದಿನ ಇಳಿಜಾರಿನಲ್ಲಿ ಸಾಲಾಗಿ ನೆಟ್ಟ ಸಸಿಗಳು. ಒಂದೊಂದರ ಕಾಂಡಕ್ಕೂ ತಂತಿಯಲ್ಲಿ ಒಂದೊಂದು ತಗಡಿನ ಬಿಲ್ಲೆ. ಬಿಸಾಕಿ ಎಂದದ್ದನ್ನು ಆತ ಬಿಸಾಡಿರಲಿಲ್ಲ, ನೆಟ್ಟ ಗಿಡಗಳ ಲೆಕ್ಕಕ್ಕೆ ಕಟ್ಟಿದ್ದ. ಇನ್‌ಸ್ಪೆಕ್ಟರ್ ಸಾಲು ಹಿಡಿದು ನಡೆದಳು. ನಲವತ್ತರ ಆಚೆಯ ಸಸಿಗೆ ಬರಿಯ ತಂತಿ, ಬಿಚ್ಚಿದ ತುದಿ ಇನ್ನೂ ಹೊಳೆಯುತ್ತಿತ್ತು.

“ಅದನ್ನ ಬಿಚ್ಚಿದ್ದು ನಾನೇ,” ಎಂದಿತು ಹಿಂದಿನಿಂದ ಒಂದು ದನಿ.

ಅರವತ್ತರ ಹತ್ತಿರದ ಸಣಕಲು ಮನುಷ್ಯ, ಕೈಯಲ್ಲಿ ನೀರಿನ ಕೊಡ. ಓಡುವ ಲಕ್ಷಣವೇನೂ ಇರಲಿಲ್ಲ. ಕೊಡವನ್ನು ಮೆಲ್ಲಗೆ ಕೆಳಗಿಟ್ಟ.

“ಯಾವಾಗ ಬಿಚ್ಚಿದ್ರಿ?”

“ಭಾನುವಾರ ಸಂಜೆ. ಕೊನೆಯೋರು ಇಳಿದ ಮೇಲೆ ಹಲಗೆ ನೋಡಿದೆ, ನಲವತ್ತೊಂದು ಖಾಲಿ. ಗುಮಾಸ್ತ ಹಲಗೆ ನೋಡೋಕೆ ಇನ್ನೂ ಎರಡು ಗಂಟೆ ಇತ್ತು. ಮೇಲೆ ಬಂದು ಇದನ್ನ ತಗೊಂಡು ಹೋಗಿ ಹಾಕಿದೆ.”

“ಆ ಮನುಷ್ಯ ಎಲ್ಲಿ?”

“ಗೊತ್ತಿಲ್ಲ. ಹಿಂದಿನ ಕಣಿವೆ ಕಡೆ ಇಳಿದು ಬಸ್ ಹತ್ತಿರಬಹುದು ಅಂದ್ಕೊಂಡೆ. ಹಾಗೆ ಎಷ್ಟೋ ಜನ ಬಿಲ್ಲೆ ಮನೆಗೆ ತಗೊಂಡು ಹೋಗಿದಾರೆ.”

“ಹಾಗಂತ ಅಂದ್ಕೊಂಡ್ರೋ, ಹಾಗಾಗಲಿ ಅಂದ್ಕೊಂಡ್ರೋ?”

ಅವನು ಬರಿಯ ತಂತಿಯ ಕಡೆ ನೋಡಿದ. ಇನ್‌ಸ್ಪೆಕ್ಟರ್‌ಗೆ ಕೋಪ ಬಂತು, ಆದರೆ ಕೋಪಕ್ಕೆ ಹೊತ್ತಿರಲಿಲ್ಲ.

“ಮಾವ, ಎರಡು ಗಂಟೆಗೆ ಮಳೆ. ಅವನು ಬದುಕಿದ್ರೆ ಇವತ್ತು ಸಂಜೆವರೆಗೆ ಮಾತ್ರ. ಎಲ್ಲಿ ಹುಡುಕಲಿ, ಹೇಳಿ.”

ಆತ ಗುಡಿಸಲ ಮೆಟ್ಟಿಲ ಮೇಲೆ ಕುಸಿದು ಕೂತ. “ನಾನು ಬಾಣ ತಿರುಗಿಸಿಬಿಟ್ಟೆ,” ಎಂದ.

ವಿಷಯ ಇಷ್ಟು. ಮೇಲೆ ದಾರಿ ಎರಡಾಗುವ ಕಡೆ ಬಾಣದ ಗುರುತಿನ ಕಂಬವಿದೆ. ಬಾಣ ತೋರಿಸುವ ಹೊಸ ದಾರಿ ಬಂಡೆಯ ಮಗ್ಗುಲಲ್ಲೇ ಹೋಗುತ್ತದೆ. ಆ ಬಂಡೆಯ ಸಂದಿಯಲ್ಲಿ ರಣಹದ್ದಿನ ಜೋಡಿ ಗೂಡು ಕಟ್ಟಿತ್ತು. ಆರು ವರ್ಷದಲ್ಲಿ ಮೊದಲ ಮೊಟ್ಟೆ, ಅದೂ ಒಂದೇ. ಆರು ವಾರ ಆ ದಾರಿ ಮುಚ್ಚಿ ಎಂದು ಮಾವ ಮೂರು ಸಲ ಅರ್ಜಿ ಕೊಟ್ಟಿದ್ದ. ಋತುವಿನ ಪ್ರವೇಶವೆಲ್ಲ ಆಗಲೇ ಬುಕ್ ಆಗಿದೆ, ಆಮೇಲೆ ನೋಡೋಣ ಎಂದು ಮೂರು ಸಲವೂ ಉತ್ತರ ಬಂತು. ನಾಲ್ಕನೆಯ ಸಲ ಆತ ಬರೆಯಲಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಕಂಬವನ್ನು ಹಳೆಯ ದಾರಿಗೆ ತಿರುಗಿಸಿದ. ಹೋಗುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು, ಆದ್ದರಿಂದ ಬಾಣ ತಿರುಗಿದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ.

“ಹಳೇ ದಾರಿ ಕುಸಿದಿತ್ತಲ್ಲ?” ಎಂದ ಉದ್ದಣ್ಣ.

“ಎರಡು ಮರದ ದಿಮ್ಮಿ ಹಾಕಿದ್ದೆ. ಮೇಲೆ ನಿಂತು ಕುಣಿದು ನೋಡಿದ್ದೆ. ಐವತ್ತೊಂಬತ್ತು ಜನ ದಾಟಿದ್ರು.”

“ಆಮೇಲೆ ಹೋಗಿ ನೋಡಿದ್ರಾ?”

“ನಿನ್ನೆ ಬೆಳಿಗ್ಗೆ. ಒಂದು ದಿಮ್ಮಿ ಇರಲಿಲ್ಲ. ಕೆಳಗೆ ಪೊದೆ, ಏನೂ ಕಾಣಲಿಲ್ಲ. ಎರಡು ಗಂಟೆ ಹುಡುಕಿದೆ ತಾಯಿ, ಎಲ್ಲಾ ಕಡೆ ಬಗ್ಗಿ ನೋಡಿದೆ.”

ಇನ್‌ಸ್ಪೆಕ್ಟರ್ ವಾಕಿಟಾಕಿಯಲ್ಲಿ ಗೇಟಿಗೆ ಬಂದಿದ್ದ ತಂಡಕ್ಕೆ ಜಾಗ ಹೇಳಿದಳು. ಮಾವ ಮುಂದೆ, ಇವರಿಬ್ಬರು ಹಿಂದೆ ನಡೆದರು. ಕಂಬದ ಬುಡದಲ್ಲಿ ಹೊಸದಾಗಿ ಅಗೆದ ಮಣ್ಣು. ಬಾಣ ಇನ್ನೂ ಹಳೆಯ ದಾರಿಯನ್ನೇ ತೋರಿಸುತ್ತಿತ್ತು.

ಹನ್ನೊಂದು ಇಪ್ಪತ್ತಕ್ಕೆ ಕುಸಿದ ಜಾಗ ಸಿಕ್ಕಿತು. ಒಂದೇ ದಿಮ್ಮಿ, ಅದರ ಪಕ್ಕ ಮಣ್ಣು ಜಾರಿದ ಗೆರೆ. ಕೆಳಗೆ ದಟ್ಟ ಪೊದೆ, ಅದರಾಚೆ ಏನಿದೆಯೋ ದೇವರೇ ಬಲ್ಲ. ಕಣಿವೆಯ ಆಚೆ ದಡದಲ್ಲಿ ರಣಹದ್ದಿನ ಬಂಡೆ, ಗೂಡಿನ ಅಂಚಿನಲ್ಲಿ ಒಂದು ಬೋಳು ಕುತ್ತಿಗೆ ಕಾಣುತ್ತಿತ್ತು. ಉದ್ದಣ್ಣ ಸೀಟಿ ಬಾಯಿಗಿಟ್ಟ.

“ಊದಬೇಡಿ,” ಎಂದ ಮಾವ. ಅಂಗಲಾಚುವ ದನಿ. “ಹಕ್ಕಿ ಎದ್ದರೆ ಮೊಟ್ಟೆ ತಣ್ಣಗಾಗುತ್ತೆ. ನಾನು ಇಳಿದು ನೋಡ್ತೀನಿ, ಸದ್ದಿಲ್ದೆ ಇಳೀತೀನಿ.”

ಇನ್‌ಸ್ಪೆಕ್ಟರ್ ಒಂದು ಕ್ಷಣ ಬಂಡೆಯ ಕಡೆ ನೋಡಿದಳು. ಅವಳಿಗೂ ಕಷ್ಟವಾಯಿತು, ಸುಳ್ಳೇಕೆ. ಆಮೇಲೆ “ಊದಿ” ಎಂದಳು.

ಉದ್ದಣ್ಣ ಊದಿದ. ಇನ್‌ಸ್ಪೆಕ್ಟರ್ ಗಡಿಯಾರದವನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದಳು. ಎರಡನೇ ಕೂಗಿಗೆ ಆಚೆ ಬಂಡೆಯಿಂದ ದೊಡ್ಡ ರೆಕ್ಕೆಗಳು ಬಿಚ್ಚಿ ಹಕ್ಕಿ ಮೇಲೆದ್ದಿತು. ಮಾವ ಮುಖ ತಿರುಗಿಸಿದ. ಕೂಗಿಗೆ ಉತ್ತರವಿಲ್ಲ. ಐದು ನಿಮಿಷ, ಹತ್ತು ನಿಮಿಷ. ತಂಡದವರು ಹಗ್ಗ ಹೊತ್ತು ಬಂದರು, ಅವರೂ ಕೂಗಿದರು. ಮೋಡ ತಲೆಯ ಮೇಲೆ ಬಂತು. ಆ ಹೆಂಗಸಿಗೆ ಏನು ಹೇಳುವುದು ಎಂದು ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ್ದಳು.

ಆಗ ಕೆಳಗಿನಿಂದ ಸಣ್ಣಗೆ ಟಣ್ ಎಂದಿತು. ನಿಂತು, ಮತ್ತೊಂದು ಟಣ್. ಕಲ್ಲಿಗೆ ಲೋಹ ಬಡಿಯುವ ಸದ್ದು.

ನಲವತ್ತಡಿ ಕೆಳಗೆ, ಹೊರಚಾಚಿದ ಕಲ್ಲಿನ ಅಡಿಯಲ್ಲಿ ಅವನು ಬಿದ್ದಿದ್ದ. ಮೇಲಿನಿಂದ ಎಷ್ಟು ಬಗ್ಗಿ ನೋಡಿದರೂ ಕಾಣುವ ಜಾಗವಲ್ಲ. ತೊಡೆಯ ಮೂಳೆ ಮುರಿದಿತ್ತು, ನಾಲಿಗೆ ಒಣಗಿ ದನಿ ಹೊರಡುತ್ತಿರಲಿಲ್ಲ. ಕೈಯಲ್ಲಿ ನಲವತ್ತೊಂದನೇ ಬಿಲ್ಲೆ, ಹೊಸದು, ಕಲ್ಲಿಗೆ ಬಡಿದು ಬಡಿದು ಅಂಚು ಸೊಟ್ಟಗಾಗಿತ್ತು. ಸ್ಟ್ರೆಚರ್ ಗೇಟು ತಲುಪಿದಾಗ ಒಂದು ಗಂಟೆ ಐವತ್ತು ನಿಮಿಷ. ಆಂಬುಲೆನ್ಸಿನ ಬಾಗಿಲು ಹಾಕುವಾಗ ಮೊದಲ ಹನಿಗಳು ಬಿದ್ದವು. ಹೆಂಡತಿ ಒಳಗೆ ಹತ್ತಿ ಕೂತಿದ್ದಳು, ಎರಡು ದಿನದಲ್ಲಿ ಅವಳು ಕೂತದ್ದು ಅದೇ ಮೊದಲಿರಬೇಕು.

ಸಂಜೆ ಆರು ಗಂಟೆಗೆ ಠಾಣೆಯಲ್ಲಿ ಮಾವನ ಹೇಳಿಕೆ ಬರೆದು ಮುಗಿಯಿತು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಆತ ಒಂದನ್ನೂ ಅಲ್ಲಗಳೆಯಲಿಲ್ಲ. ಅರ್ಜಿಯ ಮೂರು ನಕಲುಗಳನ್ನು ಜೇಬಿನಿಂದ ತೆಗೆದುಕೊಟ್ಟ. ಭಾನುವಾರವೇ ಹೇಳಿದ್ದರೆ ನಲವತ್ತು ಜನ ಸೀಟಿ ಊದುತ್ತ ಎರಡು ದಿನ ಬೆಟ್ಟ ಜಾಲಾಡುತ್ತಿದ್ದರು, ಗೂಡು ಹೋಗುತ್ತಿತ್ತು, ಅದಕ್ಕೇ ಮೊಳೆ ತುಂಬಿಸಿದೆ ಎಂದ. ಮನುಷ್ಯನ ಜೀವಕ್ಕಿಂತ ಮೊಟ್ಟೆ ಹೆಚ್ಚು ಎಂದು ಆತ ಎಲ್ಲೂ ಹೇಳಲಿಲ್ಲ. ಎರಡೂ ಉಳಿಯಬಹುದು ಎಂದುಕೊಂಡೆ ಎಂದಷ್ಟೇ ಹೇಳಿದ.

ಆರೂಕಾಲಿಗೆ ಉದ್ದಣ್ಣ ಆಸ್ಪತ್ರೆಯಿಂದ ನೆನೆದುಕೊಂಡು ಬಂದ. ಗಡಿಯಾರದವನು ಉಳಿಯುತ್ತಾನೆ, ಕಾಲು ಮಾತ್ರ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಆಸ್ಪತ್ರೆಯಲ್ಲಿ ಬರೆದುಕೊಂಡ ಗಡಿಯಾರದವನ ಹೇಳಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ್ ಮನಸ್ಸಿನಲ್ಲಿ ಓದಿಕೊಂಡಳು. ಒಂದು ಸಾಲಿಗೆ ಬಂದು ತಡೆದಳು.

“ಮಾವ, ನಿನ್ನೆ ಹುಡುಕಿದಾಗ ಕೂಗಿದ್ರಾ?”

“ಇಲ್ಲ. ಹಕ್ಕಿ ಏಳುತ್ತೆ ಅಂತ...”

ಇದನ್ನು ಆತನಿಗೆ ಓದಿ ಹೇಳಲೇಬೇಕೆಂಬ ನಿಯಮವೇನೂ ಇರಲಿಲ್ಲ. ಆದರೂ ಅವಳು ಓದಿದಳು. “ಸೋಮವಾರ ಬೆಳಿಗ್ಗೆ ಮೇಲೆ ಬಹಳ ಹೊತ್ತು ಹೆಜ್ಜೆ ಸದ್ದು ಕೇಳಿಸಿತು. ಆಗ ನನಗೆ ಇನ್ನೂ ದನಿ ಇತ್ತು. ಯಾರೂ ಮಾತಾಡಲಿಲ್ಲ, ಕೂಗಲಿಲ್ಲ. ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಹೇಳಿಕೊಟ್ಟಿದ್ದರು, ಮಾತು ಕೇಳಿಸದಿದ್ದರೆ ಅದು ಕರಡಿ ಎಂದು. ಅದು ಹೋಗುವವರೆಗೂ ಉಸಿರು ಬಿಗಿಹಿಡಿದು ಅಲುಗಾಡದೆ ಮಲಗಿದ್ದೆ.”

ಉದ್ದಣ್ಣ ಒದ್ದೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕಿಟಕಿಯ ಕಡೆ ನೋಡುತ್ತಿದ್ದ.

“ನಾನೇ ಹೇಳಿಕೊಟ್ಟಿದ್ದು,” ಎಂದ ಮಾವ ಕೊನೆಗೆ.

ಆರು ಗಂಟೆ ನಲವತ್ತು ನಿಮಿಷಕ್ಕೆ ದಸ್ತಗಿರಿ ಪತ್ರ ಸಿದ್ಧವಾಯಿತು. ಅಪಾಯವಾಗುವಂತೆ ದಾರಿಯ ಗುರುತು ಬದಲಿಸಿದ್ದು, ಸುಳ್ಳು ಗುರುತು ಇಟ್ಟು ರಕ್ಷಣೆ ತಡೆದದ್ದು. ಆತ ಸಹಿ ಹಾಕಿದ. ಅದೇ ಮುತ್ತಿನಂಥ ಅಕ್ಷರ. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ನಿಯಮದಂತೆ ಕೇಳಿದಳು.

“ಗುಮಾಸ್ತನಿಗೆ ಹೇಳಿ,” ಎಂದ. “ಬೆಳಿಗ್ಗೆ ಗೇಟು ತೆರೆಯೋ ಮುಂಚೆ ಬಾಣ ಸರಿ ಮಾಡಿಸಲಿ. ಅರವತ್ತು ಜನ ಬರ್ತಾರೆ.”

ಹಕ್ಕಿ ಗೂಡಿಗೆ ವಾಪಸ್ ಬಂತಾ ಎಂದು ಆತ ಕೇಳುತ್ತಾನೆ ಎಂದು ಇನ್‌ಸ್ಪೆಕ್ಟರ್ ಕಾದಳು. ಏನು ಹೇಳಬೇಕು ಎಂದೂ ಅವಳಿಗೆ ಗೊತ್ತಿರಲಿಲ್ಲ, ಅವರು ಇಳಿಯುವವರೆಗೂ ಅದು ಬಂದಿರಲಿಲ್ಲ. ಆತ ಕೇಳಲಿಲ್ಲ. ಉದ್ದಣ್ಣ ಬಂದು ತೋಳು ಹಿಡಿದಾಗ ಎದ್ದು ಅವನ ಜೊತೆ ಒಳಗೆ ಹೋದ.