ಹಳೇ ಉಂಗುರ, ಹೊಸ ಎಲೆ

ಗುರುಸಿದ್ದಯ್ಯನವರ ಮನೆಯ ಕಿಟಕಿ ಗಾಜು ಅಂಗಳ ದಾಟಿ ರಸ್ತೆಯಲ್ಲಿ ನಿಂತಿದ್ದ ಆಟೋದ ಮೇಲೆ ಬಿದ್ದಿತ್ತು. ಮುಚ್ಚಂಜೆಯ ಹೊತ್ತು. ಒಂದೇ ಒಂದು ಸದ್ದು. ಓಣಿಯವರು ಹೊರಗೆ ಬಂದು ನೋಡುವಷ್ಟರಲ್ಲಿ ಬೈಠಕ್ಕಿನ ಕೋಣೆಯ ಪರದೆಗಳು ಉರಿದು ಮುಗಿದಿದ್ದವು.

ಇನ್ಸ್‌ಪೆಕ್ಟರ್ ಹುಚ್ಚಪ್ಪ ಒಳಗೆ ಬಂದಾಗ ಅಗ್ನಿಶಾಮಕದವರು ಪೈಪು ಸುತ್ತುತ್ತಿದ್ದರು. ಆರಾಮ ಕುರ್ಚಿ ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಮುದುಕರಾದ ಗುರುಸಿದ್ದಯ್ಯನವರ ದೇಹ, ಮೇಲೊಂದು ಬಿಳಿ ಧೋತರದ ಹೊದಿಕೆ. ಹೊರಗೆ ಚಾಚಿದ್ದ ಕೈಯ ಹತ್ತಿರ ಸುಟ್ಟ ಕಡ್ಡಿಪೆಟ್ಟಿಗೆ, ಇನ್ನೂ ಹೊತ್ತಿಸದ ಒಂದು ದಪ್ಪ ಸಿಗಾರ್.

"ಗ್ಯಾಸ್ ಸೋರೈತ್ರಿ ಸರ್," ಕಾನ್‌ಸ್ಟೇಬಲ್ ಹನಮೇಶ ವರದಿ ಒಪ್ಪಿಸಿದ. "ಒಲಿ ಗುಂಡಿ ಪೂರಾ ತಿರುವಿದ್ದೈತಿ. ಮುದುಕ್ರು ಚುಟ್ಟಾ ಹೊತ್ತಸಾಕ ಕಡ್ಡಿ ಕೊರದಾರ, ಧಡ್ ಅಂದೈತಿ. ಅಡಗಿ ಮಾಡೋ ಹೆಣಮಗಳು ಬಂದ್ ಮಾಡೋದು ಮರತ ಹೋಗ್ಯಾಳ. ಮುಗೀತ್ರಿ ಕೇಸು."

"ಭಾಳ ಲಗೂ ಮುಗಸ್ತೀಯಪಾ ನೀ."

ಹುಚ್ಚಪ್ಪ ಗರಗದ ಒಕ್ಕಲುತನದ ಮನೆಯವನು. ಬಿತ್ತಿದ ಮೇಲೆ ಬದುವಿನ ಮೇಲೆ ಕೂತು ಕಾಯುವ ಅಭ್ಯಾಸ ಖಾಕಿ ತೊಟ್ಟ ಮೇಲೂ ಹೋಗಿರಲಿಲ್ಲ. ಎತ್ತಿನ ಗಾಡಿಯಂತೆ ನಿಧಾನ ಅಂತ ಠಾಣೆಯಲ್ಲಿ ಬೆನ್ನ ಹಿಂದೆ ಅವನನ್ನು ಚಕ್ಕಡಿ ಅನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಅವನು ಅಡಿಗೆಮನೆಯ ಬಾಗಿಲ ಹತ್ತಿರ ನಿಂತ. ಅಡಿಗೆಮನೆ ಎತ್ತರದಲ್ಲಿ, ಬೈಠಕ್ಕು ಎರಡು ಮೆಟ್ಟಿಲು ತಗ್ಗಿನಲ್ಲಿ. ನಡುವಿನ ಬಾಗಿಲು ಪೂರಾ ತೆರೆದು ಗೋಡೆಗೆ ಆತುಕೊಂಡಿತ್ತು. ಲಾಠಿಯ ತುದಿಯಿಂದ ಅದನ್ನು ಮುಂದಕ್ಕೆ ಎಳೆದ. ಕೋಣೆಯ ಗೋಡೆಯೆಲ್ಲ ಮಸಿ ಹಿಡಿದಿತ್ತು. ಬಾಗಿಲ ಹಿಂದಿನ ಗೋಡೆ ಮಾತ್ರ ನಿನ್ನೆ ಸುಣ್ಣ ಬಳಿದಷ್ಟು ಬಿಳಿ.

"ಬೆಂಕಿ ಹತ್ತಿದಾಗ ಈ ಬಾಗಲಾ ತೆರದಿತ್ತು."

"ಬಾಗಲಾ ಅಂದಮ್ಯಾಲ ತೆರೀತಾವಲ್ರಿ ಸರ್."

"ತೆರೀತಾವ. ತೆರದವರು ಯಾರು ಅಂತ ಕೇಳಾಕತ್ತೇನಿ."

ಹೊರಗೆ ಗದ್ದಲ ಎದ್ದಿತು. ಸುದ್ದಿ ಕೇಳಿ ಓಡಿಬಂದಿದ್ದ ಅಡಿಗೆಯ ಫಕೀರವ್ವ ಗೇಟಿನ ಬುಡದಲ್ಲಿ ಕುಸಿದಿದ್ದಳು. ಸುತ್ತ ಮಂದಿ.

"ಉಂಡ ಮನೀನ ಸುಟ್ಟಳಲ್ರಿ!" ಅಂದಿತು ಒಂದು ದನಿ. ಫಕೀರವ್ವ ತಲೆ ಎತ್ತಲಿಲ್ಲ.

\*

ಮರುದಿನ ಮುಂಜಾನೆ ಮೇಲಿನ ಸಾಹೇಬರು ಫೋನು ಮಾಡಿದರು. ನಿರ್ಲಕ್ಷ್ಯದಿಂದ ಸಾವು, ಅಡಿಗೆಯವಳ ಮೇಲೆ ಹಾಕಿ, ಕೋರ್ಟಿಗೆ ಕಳಿಸಿ. ಹುಚ್ಚಪ್ಪ "ಆತ್ರಿ" ಅಂದ. ಅಂದವನು ಠಾಣೆಯಲ್ಲಿ ಕೂರಿಸಿದ್ದ ಫಕೀರವ್ವನ ಎದುರು ಸ್ಟೂಲು ಎಳೆದುಕೊಂಡು ಕೂತ.

"ಗುಂಡಿ ಬಂದ್ ಮಾಡಿದ್ದಿ ಏನವಾ?"

"ಮಾಡೀನ್ರಿ. ಮ್ಯಾಲ ಒರಸೀನ್ರಿ. ಅದ ಕೈಲೆ ಒರಸಿದ್ದು ನೆನಪೈತ್ರಿ." ಆಮೇಲೆ ಅವಳ ದನಿ ಇಳಿಯಿತು. "ಎಲ್ಲಾರೂ ಹೇಳಾಕತ್ತಾರ ಮರತಿ ಅಂತ. ರಾತ್ರಿ ಕುಂತು ಕುಂತು ನನಗೂ ಹಂಗ ಅನಸಾಕತ್ತೈತ್ರಿ."

"ಆ ನಡುವಿನ ಬಾಗಲಾ?"

"ಅದನ್ನ ಮುಟ್ಟೂದ ಇಲ್ರಿ! ಒಗ್ಗರಣಿ ವಾಸನಿ ಬೈಠಕ್ಕಿಗೆ ಹೋದ್ರ ಅಯ್ಯಾರು ಬೆಂಕಿ ಆಗತಿದ್ರು. ಆ ಚುಟ್ಟಾ ಅದಾವಲ್ಲ, ಅವು ಎಲ್ಲಾ ವಾಸನೀನೂ ಕುಡೀತಾವಂತ. ಬಾಗಲ ಬುಡಕ ಹತ್ತಿ ತುಂಬಿದ ಸುರುಳಿ ಇಟ್ಟಿದ್ರು. ನಾ ಊಟಾ ಒಯ್ಯೂದು ಹಿತ್ತಲ ಸುತ್ತ ಹಾಕ್ಕೊಂಡ್ರಿ."

"ಸಿಟ್ಟಿನ ಮನಶ್ಯಾ ಏನು?"

"ಅಯ್ಯ, ಇಲ್ರಿ!" ಅವಳು ಸೆರಗು ಬಾಯಿಗೆ ಹಚ್ಚಿದಳು. "ಮೊದಲ ಬೈತಿದ್ರು. ಈಗ ಎರಡ ವರ್ಷ ದೇವರಂಥಾ ಮನಶ್ಯಾ ಆಗಿದ್ರು. ಹಾಲು ಸೀದಿದ್ರ ಸುಮ್ಮನ ಕುಡೀತಿದ್ರು. ಒಮ್ಮಿ ಸಾರು ಹಳಸಿತ್ತು, ನನಗ ಗೊತ್ತಾಗಲಿಲ್ಲ. ಅವರು ಉಂಡು, ಛಲೋ ಆಗೇದವಾ ಅಂದ್ರು. ನಾ ಉಣ್ಣಾಕ ಕುಂತಾಗ ಗೊತ್ತಾತು. ನನ್ನ ಮನಸ್ಸು ನೋಯಬಾರದಂತ ಹಳಸಿದ್ದು ಉಂಡಾರ್ರಿ."

ಹುಚ್ಚಪ್ಪ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದ.

"ನಿನ್ನೆ ನೀ ಮನಿ ಬಿಟ್ಟಾಗ ಯಾರಿದ್ರು?"

"ಶಿವಯೋಗೀಶ ಸಾವಕಾರ್ರು ಬಂದ್ರು, ನಾ ಹೊಂಟೆ. ದಿನಾ ಬರತಿದ್ರಲ್ರಿ. ಅಯ್ಯಾರು ಖುಷಿಲೆ ಇದ್ರು. ನಾಳೆ ರವಿವಾರ, ನಮ್ಮ ದೋಸ್ತ ಡಾಕ್ಟರ್ ಬರತಾರ, ಚುರಮುರಿ ಗಿರ್ಮಿಟ್ ಮಾಡವಾ, ಉಳ್ಳಾಗಡ್ಡಿ ಜಾಸ್ತಿ ಹಾಕು ಅಂದಿದ್ರು."

\*

ಶಿವಯೋಗೀಶನ ಅಂಗಡಿ ಬಿತ್ತನೆ ಬೀಜದ್ದು. ಹಣೆಯಲ್ಲಿ ವಿಭೂತಿ, ಮೆದು ಮಾತು, ಅತ್ತು ಕೆಂಪಾದ ಕಣ್ಣು. ಗುರುಸಿದ್ದಯ್ಯನವರು ಹತ್ತಿ ವ್ಯಾಪಾರಕ್ಕೆಂದು ದೇಶ ಸುತ್ತುವಾಗ ತಂದ ಕ್ಯೂಬಾದ ಸಿಗಾರ್‌ಗಳ ವಿಷಯ ಅವನೇ ತೆಗೆದ. ಇಪ್ಪತ್ತೈದು ಮೂವತ್ತು ವರ್ಷ ದೇವದಾರು ಪೆಟ್ಟಿಗೆಯಲ್ಲಿ ಮಲಗಿದ ಸಿಗಾರ್‌ಗಳು. ದಿನಾ ಒಂದನ್ನು ಅವರೊಬ್ಬರೇ ಸೇದುವುದು, ಭಾನುವಾರ ಗೆಳೆಯರೊಡನೆ ಹಂಚಿಕೊಂಡು ಅದರ ಗುಣ ಮಾತಾಡುವುದು.

"ಅವರಂಥಾ ಮೂಗು ಈ ಹುಬ್ಬಳ್ಳ್ಯಾಗ ಇರಲಿಲ್ರಿ. ಆಚಿ ಓಣ್ಯಾಗ ಗ್ಯಾಸ್ ಸೋರಿದ್ರ ಇಲ್ಲಿ ಕುಂತು ಹೇಳತಿದ್ರು." ಅವನು ತಲೆ ಅಲ್ಲಾಡಿಸಿದ. "ಅಂಥಾವ್ರಿಗೆ ತಮ್ಮ ಮನ್ಯಾಗಿಂದು ತಿಳೀಲಿಲ್ಲ ಅಂದ್ರ ಏನರ್ಥ ಸಾಹೇಬ್ರ? ತಾವ ಮಾಡಿಕೊಂಡಾರ. ಲಗ್ನಾ ಇಲ್ಲ, ಮಕ್ಕಳಿಲ್ಲ. ಒಬ್ಬರ ಎಷ್ಟಂತ ಇರ್ತಾರು? ಪಾಪ, ಅಡಗಿ ಹೆಣಮಗಳನ್ನ ಬಿಟ್ಟುಬಿಡ್ರಿ."

"ನೀವು ಹೊರಟಾಗ ಅವರು ಏನು ಮಾಡಾಕತ್ತಿದ್ರು?"

"ಲಿಂಗಪೂಜಾಕ್ಕ ಮಹಡಿ ಹತ್ತಿದ್ರು. ಅದ ದಿನದ ರೀತಿ. ಪೂಜಾ, ಆಮ್ಯಾಲ ಸಿಗಾರ್. ನಾ ತಲಬಾಗಲಾ ಮುಂದ ಮಾಡಿಕೊಂಡು ಬಂದೆ."

ಜೀಪಿನಲ್ಲಿ ಹನಮೇಶ ನಿರಾಳನಾದ. "ಆತ್ಮಹತ್ಯೆ ಸರ್. ಅಡಗಿ ಮುದುಕಿ ಪಾರಾದಳು."

"ಸಾಯಾಂವ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಜಾಸ್ತಿ ಹಾಕು ಅಂತಾನೇನಪಾ?"

\*

ಡಾಕ್ಟರ್ ಯಜ್ಞೇಶ್ವರ ಧಾರವಾಡದ ಮಾಳಮಡ್ಡಿಯಲ್ಲಿದ್ದರು. ಹಲ್ಲಿನ ಡಾಕ್ಟರು, ಈಗ ನಿವೃತ್ತರು. ಮಗಳ ಹತ್ತಿರ ಪುಣೆಯಲ್ಲಿ ವರ್ಷಕ್ಕೂ ಮೇಲೆ ಇದ್ದು ಮೊನ್ನೆಯಷ್ಟೇ ಬಂದಿದ್ದರು. ಸಾವಿನ ಸುದ್ದಿ ಅವರನ್ನು ಕುರ್ಚಿಗೆ ಹಚ್ಚಿ ಕೂರಿಸಿತ್ತು.

"ಊರ ಮಂದಿಗೆಲ್ಲಾ ತಂಬಾಕು ಬಿಡ್ರಿ ಅಂತ ಹೇಳಿ ರವಿವಾರ ನಾನ ಸೇದತಿದ್ದೆ," ಅಂದರು. "ಗುರುಸಿದ್ದಯ್ಯ ನಗತಿದ್ದ."

"ಅಷ್ಟೇನೈತ್ರಿ ಆ ಚುಟ್ಟಾದಾಗ?" ಹನಮೇಶ ತಡೆಯಲಾರದೆ ಕೇಳಿದ.

"ಚುಟ್ಟಾ ಅನಬ್ಯಾಡ್ರಿ. ಹೊಸ ಸಿಗಾರ್ ಖಾರ ಇರತದ, ನಾಲಿಗಿ ಕಡೀತದ. ವರ್ಷಗಟ್ಟಲೆ ತಣ್ಣಗ ಇಟ್ರ ಒಳಗಿನ ಕಹಿ ತಾನ ಕರಗತದ. ಆಮ್ಯಾಲ ಅದರಾಗ ಏನೇನ ಏಳ್ತದ ಅಂತೀರಿ! ಹುರದ ಕಾಫಿ, ಹಳೇ ಚರ್ಮ, ಮೊದಲ ಮಳಿ ಬಿದ್ದ ಎರಿ ಹೊಲ. ಹೊಗಿ ಎದಿಗೆ ಎಳಕೊಳ್ಳೂದಲ್ಲ. ಬಾಯಾಗ ಇಟ್ಟು, ಮೂಗಿನಿಂದ ತುಸಾನ ಬಿಡಬೇಕು. ನಾಲಿಗಿಗೆ ಉಪ್ಪು ಹುಳಿ ಅಷ್ಟ ತಿಳೀತದ ನೋಡ್ರಿ. ಉಳಿದ ರುಚಿ ಎಲ್ಲಾ ಮೂಗಿನ್ಯಾಗ."

"ಮೂಗು ಇಲ್ಲದಾಂವ ಸೇದಿದ್ರ?"

"ಬಿಸಿ ಗಾಳಿ. ಅಷ್ಟ."

ಹುಚ್ಚಪ್ಪ ಮುಂದಕ್ಕೆ ಬಾಗಿದ. "ಬೈಠಕ್ಕಿನ್ಯಾಗ ಮೊದಲ ಯಾರು ಮಾತಾಡತಿದ್ರು?"

"ಅವನ. ನಾವು ಬಾಯಿ ತೆರಿಯೂದರಾಗ..." ಡಾಕ್ಟರು ತಡೆದರು. "ಅಲ್ಲ, ಪುಣೆಕ ಹೋಗೂಕಿಂತ ಮೊದಲು ಕೆಲವು ತಿಂಗಳು ಅವ ಮೊದಲ ಹೇಳತಿರಲಿಲ್ಲ. ಶಿವಯೋಗೀಶಾ, ನೀ ಹೇಳಪಾ ಅಂತಿದ್ದ. ಆತ ಒಂದು ಮಾತು ಅಂದ್ರ ಇವ ಅದನ್ನ ಹಿಡದು ಬೆಳಸತಿದ್ದ. ವಯಸ್ಸಾತು, ಸಣ್ಣವಗ ಮಾನ ಕೊಡಾಕತ್ತಾನ ಅನಕೊಂಡಿದ್ದೆ."

"ಅದಕ್ಕಿಂತ ಮುಂಚೆ ಜಡ್ಡು ಬಿದ್ದಿದ್ರೇನು?"

"ಜ್ವರ ಬಂದಿತ್ತು, ಭಾಳ ದಿನ..." ಅವರ ಕೈ ಮೆಲ್ಲಗೆ ಮೂಗಿನ ಹತ್ತಿರ ಹೋಗಿ ನಿಂತಿತು. "ಅಯ್ಯೋ. ಹೇಳಲಿಲ್ಲಲ್ರಿ ನನಗ. ಒಂದು ಮಾತು ಹೇಳಲಿಲ್ಲ."

\*

ಮೂರು ದಿನದ ಕಾರ್ಯ ಮುಗಿದ ಸಂಜೆ ಹುಚ್ಚಪ್ಪ ಡಾಕ್ಟರನ್ನೂ ಶಿವಯೋಗೀಶನನ್ನೂ ಆ ಮನೆಗೆ ಕರೆಸಿದ. ಹನಮೇಶನನ್ನು ವಾರಂಟು ಕೊಟ್ಟು ಬೇರೆ ಕೆಲಸಕ್ಕೆ ಕಳಿಸಿದ್ದ.

ಬೈಠಕ್ಕಿನಲ್ಲಿ ಕಾಲಿಡುತ್ತಲೇ ಶಿವಯೋಗೀಶ ಕರವಸ್ತ್ರ ಮೂಗಿಗೆ ಒತ್ತಿದ. "ಏನ ವಾಸನಿರಿ ಇದು, ಮಸಿದು, ತೊಯ್ದ ಹತ್ತೀದು. ನಿಂದ್ರಾಕ ಆಗವಲ್ಲದು."

"ನಿಮಗ ಛಲೋ ತಿಳೀತೈತಿ," ಅಂದ ಹುಚ್ಚಪ್ಪ.

ಮೂಲೆಯ ದಪ್ಪ ಸಾಗವಾನಿ ಕಪಾಟು ಹೊರಗಷ್ಟೇ ಕಪ್ಪಾಗಿತ್ತು. ಒಳಗಿನ ಪೆಟ್ಟಿಗೆ ತೆಗೆದು ಡಾಕ್ಟರ ಮುಂದಿಟ್ಟ. "ಇದನ್ನ ರವಿವಾರ ನಿಮಗ ಕೊಡಾಕ ಇಟ್ಟಿದ್ರಂತ. ನೋಡ್ರಿ."

ಡಾಕ್ಟರು ಒಂದನ್ನು ಎತ್ತಿ ಕಿವಿಯ ಹತ್ತಿರ ಹೊರಳಿಸಿ, ಮೂಗಿಗೆ ಹಿಡಿದರು. ಮುಖ ಗಂಟಿಕ್ಕಿತು. ಇನ್ನೊಂದು. ಮತ್ತೊಂದು. ಕೊನೆಗೆ ಒಂದನ್ನು ಅಂಗಳಕ್ಕೆ ಒಯ್ದು, ಕತ್ತರಿಸಿ, ಹೊತ್ತಿಸಿ ಬಾಯಿಗಿಟ್ಟರು. ಒಂದೇ ಸಲ. ಥೂ ಎಂದು ಉಗುಳಿದರು.

"ಇದು ಹಸಿ! ಹೋದ ವರ್ಷದ್ದು ಇದ್ರ ಹೆಚ್ಚು. ಅಮೋನಿಯಾ ಹೋಗಿಲ್ಲ ಇನ್ನಾ."

ಹುಚ್ಚಪ್ಪ ಮೂಸಿದ. ಗಂಜಲ ತೊಳೆಯದ ಕೊಟ್ಟಿಗೆಯ ಚುರುಕು ಅವನಿಗೂ ಹತ್ತಿತು. ಆಮೇಲೆ ಅದರ ಕೊರಳಿಗಿದ್ದ ಕಾಗದದ ಉಂಗುರವನ್ನು ಬೆಳಕಿಗೆ ಹಿಡಿದ. ಅಂಚು ಹಳದಿಯಾದ, ಬಣ್ಣ ಮಾಸಿದ ಕಾಗದ. ಅದರ ಕೆಳಗಿನ ಎಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಹಳೇ ಉಂಗುರ ತಗದು ಹೊಸದಕ್ಕ ತೊಡಿಸ್ಯಾರ. ಶಿವಯೋಗೀಶ ಸಾವಕಾರ್ರ, ವರ್ಷಾನಗಟ್ಟಲೆ ಈ ಪೆಟ್ಟಿಗ್ಯಾಗಿಂದ ಅವರ ಜೋಡಿ ಸೇದೀರಿ. ಎರಿ ಹೊಲ, ಹುರದ ಕಾಫಿ ಅಂತ ಹೊಗಳೀರಿ. ಹಂಗಾದ್ರ ನಿಮಗೂ ಮೂಗಿಲ್ಲ ಅನ್ನಬೇಕು. ಆದ್ರ ಬಾಗಲದಾಗ ನಿಂತು ತೊಯ್ದ ಹತ್ತಿ ವಾಸನಿ ಹಿಡದವರು ನೀವ."

ಶಿವಯೋಗೀಶನ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು.

"ಜ್ವರದಾಗ ಮೂಗು ಹೋದದ್ದನ್ನ ಅವರು ಒಬ್ಬರಿಗೆ ಹೇಳಿದ್ರು. ನಾಕ ಮಂದ್ಯಾಗ ಮಾನ ಉಳೀಲಿ, ನೀ ಮೊದಲ ಹೇಳು, ನಾ ಅದನ್ನ ಹಿಡದು ಹೇಳತೇನಿ ಅಂತ. ನೀವ ಅವರ ಮೂಗು. ಅದಕ್ಕ ಧೈರ್ಯಾ ಮಾಡಿ ಬದಲಿ ಮಾಡಿದ್ರಿ. ಆದ್ರ ಡಾಕ್ಟರ್ ಊರಿಗೆ ಬಂದ್ರು. ರವಿವಾರ ಅವರ ಒಂದು ಗುಟುಕು ಸಾಕಿತ್ತು, ನಿಮ್ಮ ಕಳವು ಹೊರಗ ಬೀಳಾಕ. ಅದರ ಮುಂಚಿನ ದಿನ ಅಯ್ಯಾರು ಪೂಜಾಕ್ಕ ಹತ್ತಿದಾಗ ನೀವು ಹತ್ತಿ ಸುರುಳಿ ಸರಿಸಿ, ಬಾಗಲಾ ತೆರದು, ಒಲಿ ಗುಂಡಿ ತಿರುವಿದ್ರಿ. ಗ್ಯಾಸು ಭಾರ, ಮೆಟ್ಟಲಾ ಇಳದು ತಗ್ಗಿಗೆ ಬಂದು ಕುಂತಿತು. ಮೂಗಿದ್ದಾಂವ ಹೊಸ್ತಲಾ ದಾಟತಿರಲಿಲ್ಲ. ಇವರು ಬಂದು ಕುಂತು ಕಡ್ಡಿ ಕೊರದ್ರು."

"ಆತ್ಮಹತ್ಯೆ..." ಶಿವಯೋಗೀಶ ತೊದಲಿದ.

"ಅಲ್ಲೇ ತಪ್ಪಿದ್ರಿ. ಮೂಗಿರಲಿಲ್ಲ ಅಂತ ಹೇಳಿದ್ರ ಆಕಸ್ಮಿಕ ಅಂತ ನಾನೂ ನಂಬತಿದ್ದೆ. ಆದ್ರ ನಿಮಗ ಅದು ಗೊತ್ತಿತ್ತು ಅಂತ ಬಾಯಿ ಬಿಡಾಕ ಆಗಲಿಲ್ಲ. ಅದಕ್ಕ ಹುಬ್ಬಳ್ಳ್ಯಾಗ ಅಂಥಾ ಮೂಗಿಲ್ಲ ಅಂದ್ರಿ. ಅದೂ ಯಾರ ಮೂಗು? ಹಳಸಿದ ಸಾರು ಛಲೋ ಆಗೇದ ಅಂದವರ ಮೂಗು."

ಅಷ್ಟರಲ್ಲಿ ಹನಮೇಶ ಬಂದ. ಎರಡೂ ಕೈಯಲ್ಲಿ ಉಪ್ಪಿನಕಾಯಿಯ ಪಿಂಗಾಣಿ ಭರಣಿ. "ಇವರ ಮನಿ ಅಟ್ಟದ ಮ್ಯಾಲ ಇತ್ರಿ ಸರ್." ಮುಚ್ಚಳ ತೆಗೆದ. ಒದ್ದೆ ಸ್ಪಂಜಿನ ಕೆಳಗೆ ಉಂಗುರವಿಲ್ಲದ ಸಿಗಾರ್‌ಗಳು, ಒಣ ಭೂಮಿಯ ಬಣ್ಣದವು. ಡಾಕ್ಟರು ಹತ್ತಿರ ಹೋಗದೆಯೇ ಹಳೇ ಪರಿಮಳ ಗುರುತಿಸಿ ಕಣ್ಣು ಮುಚ್ಚಿಕೊಂಡರು.

"ಒಂದೂ ಮಾರಿಲ್ಲ ನಾ!" ಶಿವಯೋಗೀಶನ ದನಿ ಮೊದಲ ಬಾರಿ ಏರಿತು. "ಕೇಳ್ರಿ ಡಾಕ್ಟ್ರ. ಮೂವತ್ತು ವರ್ಷ ಕಾದು ಹಣ್ಣಾದದ್ದು. ಏನೂ ತಿಳೀದ ಬಾಯಾಗ ಸುಟ್ಟು ಬೂದಿ ಆಗಾಕತ್ತಿತ್ತು. ನೋಡಾಕ ಆಗಲಿಲ್ಲ ನನಗ. ಅವರಿಗೆ ಹಸೀದಾದ್ರೂ ಒಂದ, ಹಣ್ಣಾದರೂ ಒಂದ. ಯಾರದು ಏನ ಹೋತು?"

"ಕೊಂದಿಯಲ್ಲೋ," ಅಂದರು ಡಾಕ್ಟರು.

"ನೀವು ಒಮ್ಮಿ ಮೂಸಿದ್ರ ನನ್ನ ಕಳ್ಳ ಅಂತಿದ್ರಿ. ಇದ ಕೋಣ್ಯಾಗ. ಅವರ ಮುಂದ." ಅವನು ನೆಲ ನೋಡಿದ. "ಅವರು ನನ್ನ ತಮ್ಮಾ ಅಂತ ಕರೀತಿದ್ರು."

ಹನಮೇಶ ಭರಣಿ ಕೆಳಗಿಟ್ಟು ಬೇಡಿ ತೆಗೆದ.

\*

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಜೀಪು ಹೋಗುವುದಿಲ್ಲ. ಬಾವಿಕಟ್ಟೆಯ ಹತ್ತಿರ ಇಳಿದು ಹುಚ್ಚಪ್ಪ ಫಕೀರವ್ವನ ಜೊತೆ ನಡೆದ. ಕಟ್ಟೆಗಳ ಮೇಲೆ ಕೂತವರ ಮಾತು ಒಂದೊಂದಾಗಿ ನಿಂತಿತು. ಅವನು ಬೇಕೆಂದೇ ನಡುವೆ ನಿಂತು ದನಿ ಎತ್ತಿದ.

"ಕೇಳ್ರಿ ಎಲ್ಲಾರೂ. ಗುಂಡಿ ತಿರುವಿದಾಂವ ಸಿಕ್ಕಾನ. ಒಪ್ಪಿಕೊಂಡಾನ. ಈಕಿದು ಏನೂ ತಪ್ಪಿಲ್ಲ."

ಒಬ್ಬಳು "ನಾ ಮೊದಲ ಅಂದಿದ್ದೆ," ಅಂದಳು. ಇನ್ನೊಬ್ಬಳು ಒಳಗೆ ಹೋದಳು. ಅಷ್ಟೇ.

ಫಕೀರವ್ವನ ಮನೆಯ ಮುಂದೆ ಗ್ಯಾಸ್ ಸಿಲಿಂಡರು ಹೊರಗೆ ನಿಂತಿತ್ತು, ಮೇಲೊಂದು ಗೋಣಿ ಹೊದಿಸಿತ್ತು. ಪಕ್ಕದಲ್ಲಿ ಮೂರು ಕಲ್ಲು ಹೂಡಿ ಹೊಸ ಒಲೆ. ಅವಳು ಕುಕ್ಕರಗಾಲಲ್ಲಿ ಕೂತು ಪುಳ್ಳೆ ಜೋಡಿಸತೊಡಗಿದಳು.

"ಅದನ್ನ ಒಳಗ ಒಯ್ಯೋಣೇನವಾ?" ಹುಚ್ಚಪ್ಪ ಕೇಳಿದ. "ಈಗೇನು ಅಂಜಿಕಿ?"

"ಬ್ಯಾಡ್ರಿ." ಅವಳು ಊದುಗೊಳವೆ ಎತ್ತಿಕೊಂಡಳು. "ನಂದು ತಪ್ಪಿಲ್ಲಂತ ನನಗ ತಿಳದೈತ್ರಿ. ಈ ಕೈಗೆ ತಿಳೀವಲ್ಲದು. ಗುಂಡಿ ಮ್ಯಾಲ ಇಟ್ರ ನಡಗತೈತಿ."

ಊದಿದಳು. ಹಸಿ ಪುಳ್ಳೆ, ಹೊಗೆ ದಟ್ಟವಾಗಿ ಎದ್ದಿತು.

"ಆಚಿ ಸರೀರಿ ಸಾಹೇಬ್ರ," ಅಂದಳು, ತಿರುಗಿ ನೋಡದೆ. "ಕಣ್ಣಾಗ ಹೋಗತೈತಿ."